ಮೇಷ್ಟ್ರು ಹೋದ ಮೇಲೆ ಮೈಕಣ್ಣ

ಮೇಷ್ಟ್ರು ಹೋದರು ಎನ್ನುವ ಸುದ್ದಿಯನ್ನು ಮೈಕಣ್ಣನಿಗೆ ಮುಟ್ಟಿಸಿದವನು ಬಸ್ಸಿನ ವೇಳೆ ಕೇಳಲು ಬಂದ ಯಾರೋ ಒಬ್ಬ. ನಿಲ್ದಾಣದ ವಿಚಾರಣೆ ಕಿಟಕಿಯೊಳಗೆ ತಲೆ ತೂರಿಸಿದವನು ಬಸ್ಸಿನ ಮಾತೇ ಮರೆತು, "ಅಣ್ಣಾ, ನಿಜಾನಾ? ಮೇಷ್ಟ್ರು ಬಿಟ್ಟು ಹೋದ್ರಂತೆ?" ಎಂದ. ಯಾವ ಮೇಷ್ಟ್ರು ಎಂದು ಮೈಕಣ್ಣ ಕೇಳಲಿಲ್ಲ. ಊರಿನಲ್ಲಿ ಶಾಲೆಗಳೂ ಇದ್ದವು, ಶಾಲೆ ತುಂಬ ಮೇಷ್ಟ್ರುಗಳೂ ಇದ್ದರು. ಆದರೆ ಹೆಸರು ಹೇಳದೆ ಬರೀ ಮೇಷ್ಟ್ರು ಎಂದರೆ ಒಬ್ಬರೇ, ಊರಿನ ಫುಟ್‌ಬಾಲ್ ತಂಡದ ಕೋಚು. ಹಿಂದೆ ಎಲ್ಲೋ ಗಣಿತ ಹೇಳಿಕೊಡುತ್ತಿದ್ದರಂತೆ. ತಳ ಹಿಡಿದಿದ್ದ ತಂಡವನ್ನು ಕೈಹಿಡಿದು ಮೇಲೆತ್ತಿದವರು, ಇನ್ನೂ ಅರ್ಧ ಲೀಗು ಬಾಕಿ ಇರುವಾಗ, ದೊಡ್ಡ ಊರಿನ ದೊಡ್ಡ ತಂಡ ಕರೆಯಿತೆಂದು ಗಂಟುಮೂಟೆ ಕಟ್ಟಿದ್ದರು.

ಮೈಕಣ್ಣ "ಗೊತ್ತಿಲ್ಲಪ್ಪ" ಎಂದು ಕಿಟಕಿ ಮುಚ್ಚಿಬಿಟ್ಟ. ಅದು ಕಿಟಕಿ ಮುಚ್ಚುವ ಹೊತ್ತಲ್ಲ, ಹೊರಗಿನ ಸಾಲಿನಲ್ಲಿ ಗೊಣಗಾಟ ಶುರುವಾಯಿತು. ಒಳಗೆ ಅವನು ನೀರು ಕುಡಿದ, ಕೂತ, ಎದ್ದ, ಮತ್ತೆ ಕಿಟಕಿ ತೆಗೆದ. ಇಷ್ಟಕ್ಕೂ ಮೇಷ್ಟ್ರು ಅವನಿಗೆ ಏನಾಗಬೇಕು? ನೆಂಟರಲ್ಲ, ಒಂದು ದಿನವಾದರೂ ಎದುರುಬದುರು ಕೂತು ಮಾತಾಡಿದವರಲ್ಲ. ಆದರೂ ಆಮೇಲೆ ಬಂದವರಿಗೆಲ್ಲ ಬಸ್ಸಿನ ವೇಳೆಯನ್ನು ತಪ್ಪು ತಪ್ಪಾಗಿ ಹೇಳಿದ. ಯಾಕೆ ಎಂದು ಹೇಳಬೇಕಾದರೆ ಅವನ ಗಂಟಲಿನ ಕಥೆಯನ್ನೇ ಹೇಳಬೇಕು.

ದೇವರು ಅವನಿಗೆ ಎತ್ತರ ಕೊಡಲಿಲ್ಲ, ರೂಪ ಕೊಡಲಿಲ್ಲ, ಕೊಟ್ಟ ಕೂದಲನ್ನೂ ಬಹಳ ದಿನ ಉಳಿಸಲಿಲ್ಲ. ಗಂಟಲು ಕೊಡುವಾಗ ಮಾತ್ರ ಕೈ ಬಿಗಿ ಹಿಡಿಯಲಿಲ್ಲ. ನಿಲ್ದಾಣದಲ್ಲಿ ಬಸ್ಸು ಬರುವುದನ್ನೂ ಹೊರಡುವುದನ್ನೂ ಮೈಕಿನಲ್ಲಿ ಹೇಳುವ ಕೆಲಸ ಸಿಕ್ಕಿದಾಗ, ಅವನ ಬಾಯಲ್ಲಿ ಕೇಳಿದರೆ ತಡವಾದ ಬಸ್ಸಿನ ಮೇಲೂ ಜನಕ್ಕೆ ಸಿಟ್ಟು ಬರುತ್ತಿರಲಿಲ್ಲ. ಮೈಕಣ್ಣ ಎಂಬ ಹೆಸರು ಬಿದ್ದದ್ದು ಆಗಲೇ. ಆಮೇಲೆ ಮೇಲಿನವರಿಗೆ ಬುದ್ಧಿ ಬಂತು. ಅವನನ್ನು ಒಂದು ಕೋಣೆಯಲ್ಲಿ ಕೂರಿಸಿ, ಊರುಗಳ ಹೆಸರು, ಅಂಕಿ, 'ದಯವಿಟ್ಟು ಗಮನಿಸಿ' ಎಲ್ಲವನ್ನೂ ಓದಿಸಿ ಯಂತ್ರಕ್ಕೆ ತುಂಬಿಸಿಕೊಂಡರು. ಅಂದಿನಿಂದ ಕೂಗುವುದು ಯಂತ್ರ, ಇವನಿಗೆ ವಿಚಾರಣೆ ಕಿಟಕಿ. ದಿನವಿಡೀ ತಲೆಯ ಮೇಲೆ ತನ್ನದೇ ದನಿ, ತುಂಡು ತುಂಡಾಗಿ, ಎಲ್ಲೂ ಉಸಿರು ತೆಗೆದುಕೊಳ್ಳದೆ ಓಡುತ್ತಿರುತ್ತದೆ. ಅರ್ಥವಾಗದವರು ಕಿಟಕಿಗೆ ಬಂದು, ಆ ಕೂಗೋನು ಏನಂದ ಎಂದು ಅವನನ್ನೇ ಕೇಳುತ್ತಾರೆ.

ಹಾಗಾಗಿ ಅವನ ಪಾಲಿಗೆ ಉಳಿದದ್ದು ಮೈದಾನ ಒಂದೇ. ಪಂದ್ಯದ ದಿನ ಗ್ಯಾಲರಿಯ ನೆತ್ತಿಯ ಮೇಲಿನ ತಗಡಿನ ಗೂಡಿನಲ್ಲಿ ಕೂತು ಆಟಗಾರರ ಹೆಸರು ಕೂಗುವುದು. ಕೂಲಿ ಒಂದು ಲೋಟ ಚಹ. ಆ ಚಹವೇ ಒಮ್ಮೆ ದೊಡ್ಡ ಉಪಕಾರ ಮಾಡಿತು. "ಇವರನ್ನೆಲ್ಲ ಕಣಕ್ಕಿಳಿಸಿದವರು, ನಮ್ಮ..." ಎನ್ನುವಷ್ಟರಲ್ಲಿ ಅದು ನೆತ್ತಿಗೇರಿ, ಮೈಕಣ್ಣ ಮೈಕನ್ನು ಪಕ್ಕಕ್ಕೆ ತಳ್ಳಿ ಕೆಮ್ಮತೊಡಗಿದ. ಕೆಳಗಿನಿಂದ ಇಡೀ ಮೈದಾನ ತಾನಾಗಿಯೇ 'ಮೇಷ್ಟ್ರು' ಎಂದು ಮಾತು ಮುಗಿಸಿತು. ಅಂದಿನಿಂದ ಅದೇ ವಾಡಿಕೆಯಾಯಿತು. ಅವನು 'ನಮ್ಮ' ಎಂದು ಮೈಕು ತಳ್ಳಿ ಒಂದು ಉಸಿರಿನಷ್ಟು ಜಾಗ ಬಿಡುವುದು, ಜನ ಅದನ್ನು ತುಂಬುವುದು, ಮೇಷ್ಟ್ರು ಗೆರೆಯ ಪಕ್ಕದಲ್ಲಿ ನಿಂತು ಗೂಡಿನ ಕಡೆ ಕೈ ಎತ್ತುವುದು. ಅವರಿಬ್ಬರ ಸ್ನೇಹವೆಂದರೆ ಅಷ್ಟೇ. ವಾರವೆಲ್ಲ ತನ್ನ ದನಿಯನ್ನು ಯಂತ್ರದ ಬಾಯಲ್ಲಿ ಕೇಳಿ ಸವೆದುಹೋದವನಿಗೆ ಆ ಒಂದು ಕೈ ಸಾಕಾಗಿತ್ತು.

ಕಳೆದ ಪಂದ್ಯದಲ್ಲಿ ಮೇಷ್ಟ್ರು ಎತ್ತಿದ ಕೈಯನ್ನು ಬೇಗ ಇಳಿಸಿರಲಿಲ್ಲ. ನನ್ನ ಮೇಲೆ ಎಷ್ಟು ಪ್ರೀತಿ ಎಂದುಕೊಂಡು ಮೈಕಣ್ಣ ಉಬ್ಬಿಹೋಗಿದ್ದ. ಈಗ ನೋಡಿದರೆ ಅದು ಹೊರಟು ನಿಂತವರ ಕೈ. ಮನೆಗೆ ಬಂದು ಹೆಂಡತಿಯ ಮುಂದೆ, ನನಗಾದರೂ ಒಂದು ಮಾತು ಹೇಳಬಹುದಿತ್ತು ಎಂದು ಅಲವತ್ತುಕೊಂಡ. ಕನ್ನಡಕದ ಅಂಗಡಿಯಲ್ಲಿ ದಿನವೂ ಗಾಜು ಉಜ್ಜುವ ಆಕೆಗೆ ಎಲ್ಲವೂ ನಿಚ್ಚಳವಾಗಿಯೇ ಕಾಣುತ್ತದೆ. "ನಿಮಗೆ ಹೇಳಿದ್ರೆ ಊರಿಗೇ ಹೇಳಿದ ಹಾಗೆ ಅಂತ ಅವರಿಗೆ ಗೊತ್ತಿರಲ್ವೇನ್ರೀ?" ಎಂದಳು.

ಮನೆಯಲ್ಲಿ ಇನ್ನೊಂದು ಜೀವ ಒದ್ದಾಡುತ್ತಿತ್ತು. ಅದು ಅವಳ ಅಪ್ಪ, ಮೈಕಣ್ಣನ ಮಾವ. ಕಸುಬಿನಲ್ಲಿ ಬಡಗಿ. ಮಗಳ ಮನೆಯ ಬಾಗಿಲು ಕಿರುಗುಟ್ಟುತ್ತದೆಂದು ಸರಿಮಾಡಲು ಬಂದವರು ಇಲ್ಲೇ ಉಳಿದುಬಿಟ್ಟಿದ್ದರು. ಬಾಗಿಲು ಇವತ್ತಿಗೂ ಕಿರುಗುಟ್ಟುತ್ತದೆ. ಮೇಷ್ಟ್ರ ಫೋಟೊಗೆ ತಮ್ಮ ಕೈಯಾರೆ ಚೌಕಟ್ಟು ಮಾಡಿ ಗೋಡೆಗೆ ತೂಗುಹಾಕಿದ್ದವರು ಈಗ ಅದನ್ನು ಕಿತ್ತು ಮಂಚದ ಕೆಳಗೆ ತಳ್ಳಿದರು. ಮಧ್ಯಾಹ್ನ ಹೊರಗೆಳೆದು ಧೂಳು ಒರೆಸಿದರು. ಸಂಜೆ ಮತ್ತೆ ಗೋಡೆಗೇ ಹಾಕಿದರು, ಆದರೆ ಮುಖ ಗೋಡೆಯ ಕಡೆಗೆ. ಊಟದ ತಟ್ಟೆಯ ಮುಂದೆ ಕೂತು, ಮಾತು ಕೊಟ್ಟು ನಡುನೀರಲ್ಲಿ ಕೈಬಿಡುವುದು ಮನುಷ್ಯರು ಮಾಡುವ ಕೆಲಸವೇ ಎಂದು ಅಳಿಯನನ್ನು ಕೇಳಿದರು. ತಾನೇ ಬಿಟ್ಟುಹೋದವನ ಹಾಗೆ ಮೈಕಣ್ಣ ತಲೆ ತಗ್ಗಿಸಿ ಉಂಡ.

ಊರೂ ನೆಟ್ಟಗಿರಲಿಲ್ಲ. ಸಿಕ್ಕ ಸಿಕ್ಕವರೆಲ್ಲ ವಿಚಾರಣೆ ಕಿಟಕಿಗೆ ಬಂದರು, ಒಬ್ಬನೂ ಬಸ್ಸು ಕೇಳಲಿಲ್ಲ. ಎಲ್ಲರಿಗೂ ಬೇಕಾದದ್ದು ಆ ಒಂದು ಉಸಿರಿನ ಜಾಗ. ಒಂದು ಗುಂಪು, ಜಾಗ ಬಿಡು, 'ದ್ರೋಹಿ' ಅಂತ ಕೂಗಿ ಹೊಟ್ಟೆ ತಣ್ಣಗೆ ಮಾಡಿಕೊಳ್ಳುತ್ತೇವೆ ಎಂದಿತು. ಇನ್ನೊಂದು ಗುಂಪು, ತಂಡಕ್ಕೆ ಜೀವ ಕೊಟ್ಟವರಪ್ಪ, ಕೊನೆಯದಾಗಿ ಒಂದು ಸಲ ಅವರ ಹೆಸರನ್ನೇ ಕೂಗಬೇಕು ಎಂದು ಕಣ್ಣಲ್ಲಿ ನೀರು ತಂದುಕೊಂಡಿತು. ಕಟಿಂಗ್ ಅಂಗಡಿಯವನದು ಮೂರನೆಯ ದಾರಿ. ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡು ಜಾಗವನ್ನು ಖಾಲಿ ಬಿಡಬೇಕು, ಆ ಮೌನ ಮೇಷ್ಟ್ರ ಎದೆಗೆ ಚುಚ್ಚಬೇಕು. ಅಲ್ಲಿ ಇಲ್ಲದವರ ಎದೆಗೆ ಅದು ಹೇಗೆ ಚುಚ್ಚುತ್ತದೆ ಎಂದು ಅವನನ್ನು ಕೇಳುವ ಧೈರ್ಯ ಯಾರಿಗಿದೆ, ಕತ್ತಿ ಅವನ ಕೈಯಲ್ಲಿರುತ್ತದೆ.

ಮೇಷ್ಟ್ರ ಜಾಗಕ್ಕೆ ಬಂದ ಹೊಸಬನ ಮಾತು ಯಾರೂ ಎತ್ತಲಿಲ್ಲ. ನಿಜಕ್ಕೂ ಅವನು ಹೊಸಬನೇ ಅಲ್ಲ. ಚೆಂಡುಗಳ ಬಲೆಚೀಲವನ್ನು ಹೆಗಲಿಗೇರಿಸಿಕೊಂಡು ಮೇಷ್ಟ್ರ ಹಿಂದೆ ಹಿಂದೆಯೇ ಓಡಾಡುತ್ತಿದ್ದ ಸಹಾಯಕ. ಜನ ತಮಾಷೆಗೆ ಚೀಲಪ್ಪ ಎನ್ನುತ್ತಿದ್ದರು. ಮೇಷ್ಟ್ರು ಹೋದ ಮರುದಿನ ಕ್ಲಬ್ಬಿನವರು ಅವನನ್ನೇ ಹಂಗಾಮಿ ಕೋಚ್ ಮಾಡಿ ಕೈತೊಳೆದುಕೊಂಡಿದ್ದರು.

ಕ್ಲಬ್ಬಿನ ಕಾರ್ಯದರ್ಶಿಗೆ ಗಲಾಟೆಯ ವಾಸನೆ ಬಡಿಯಿತು. ಮೈಕಣ್ಣನನ್ನು ಆಫೀಸಿಗೆ ಕರೆಸಿದ. "ನೋಡಪ್ಪ, ಈ ಸಲ ಆ ಗ್ಯಾಪು ಗೀಪು ಏನೂ ಬೇಡ. ಒಂದೇ ಉಸಿರಲ್ಲಿ ಓದಿ ಮುಗಿಸು. ಹೆಚ್ಚುಕಮ್ಮಿ ಆಯ್ತೋ, ಮೈಕು ನಿನ್ನ ಕೈಲಿರಲ್ಲ." ಆಮೇಲೆ ಸ್ವಲ್ಪ ನಕ್ಕು, ಒಂದು ಸಲ ಇಲ್ಲೇ ಅಭ್ಯಾಸ ಮಾಡು ಎಂದು ಮೊಬೈಲನ್ನು ಮೇಜಿನ ಮೇಲಿಟ್ಟುಕೊಂಡ. ತಂಡದಲ್ಲಿರುವ ಎಲ್ಲರ ಹೆಸರನ್ನೂ, ಕೊನೆಗೆ ಹಂಗಾಮಿ ಕೋಚಿನ ಹೆಸರನ್ನೂ ಮೈಕಣ್ಣ ಎಲ್ಲೂ ನಿಲ್ಲದೆ ಓದಿದ. ಖಾಲಿ ಕೋಣೆಯಲ್ಲಿ ಅದೇನು ಮಹಾ. ಕಾರ್ಯದರ್ಶಿ ತಲೆದೂಗಿ ಮೊಬೈಲನ್ನು ಜೇಬಿಗಿಳಿಸಿದ. ನಿಲ್ದಾಣದಲ್ಲಿ ಒಮ್ಮೆ ಕೈ ಸುಟ್ಟುಕೊಂಡವನಿಗೆ ಆ ಜೇಬಿನ ಮೇಲೆ ಅನುಮಾನ ಬರಬೇಕಿತ್ತು. ಬರಲಿಲ್ಲ, ಏನು ಮಾಡುವುದು.

ಪಂದ್ಯದವರೆಗೆ ಮೈಕಣ್ಣ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಸ್ನಾನದ ಮನೆಯಲ್ಲಿ, ಮೆಟ್ಟಿಲ ಮೇಲೆ, ಚಪ್ಪಲಿ ಹಾಕಿಕೊಳ್ಳುತ್ತ, ಅದೇ ಸಾಲು. ನಡುವೆ ತಡೆದರೆ ಮತ್ತೆ ಮೊದಲಿನಿಂದ. ಹೆಂಡತಿ ಹೊರಗಿನಿಂದ ಬಾಗಿಲು ಬಡಿದು, ಉಸಿರುಗಟ್ಟಿ ಬಿದ್ದೀರಿ, ಚಿಲಕ ತೆಗೆದಿಟ್ಟುಕೊಂಡೇ ಓದಿ ಎಂದಳು. ಅವನಿಗೆ ನಗು ಬರಲಿಲ್ಲ. ಮೈದಾನದ ಮೈಕೂ ಹೋದರೆ ತನ್ನ ದನಿಯ ಬಿಸಿ ಇನ್ನು ಎಲ್ಲಿದೆ ಎಂಬ ಚಿಂತೆ ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಪಂದ್ಯದ ದಿನ ಮೈದಾನ ತುಂಬಿತ್ತು, ಸದ್ದು ಮಾತ್ರ ಎಂದಿನದಲ್ಲ. ಮೈಕಣ್ಣ ಗೂಡಿನಲ್ಲಿ ಚಹ ಮುಟ್ಟಲಿಲ್ಲ. ಒಬ್ಬೊಬ್ಬರ ಹೆಸರನ್ನೂ ಕೂಗುತ್ತ ಬಂದ, ದನಿ ಕಂಚಿನ ಹಾಗೆ ಮೊಳಗಿತು. "ಇವರನ್ನೆಲ್ಲ ಕಣಕ್ಕಿಳಿಸಿದವರು, ನಮ್ಮ..." ಎಂದ. ಅಷ್ಟು ದಿನ ಬಾಯಿಗೆ ಪಾಠ ಹೇಳಿದ್ದವನು ಕೈಗೆ ಹೇಳಿರಲಿಲ್ಲ. ಕೈ ತನ್ನ ಪಾಡಿಗೆ ತಾನು ಮೈಕನ್ನು ಪಕ್ಕಕ್ಕೆ ತಳ್ಳಿತು.

ಕೆಳಗೆ ಇಡೀ ಮೈದಾನ 'ಮೇಷ್ಟ್ರು' ಎಂದಿತು. ದ್ರೋಹಿ ಎನ್ನುತ್ತೇವೆ ಎಂದವರು, ಬಾಯಿಗೆ ಬೀಗ ಹಾಕುತ್ತೇವೆ ಎಂದವರು, ಸ್ವತಃ ಕಟಿಂಗ್ ಅಂಗಡಿಯವನು, ಫೋಟೊದ ಮುಖ ತಿರುಗಿಸಿದ್ದ ಮಾವ, ಎಲ್ಲರೂ ಒಂದೇ ಗಂಟಲಿನಲ್ಲಿ. ಕೂಗಿಯಾದ ಮೇಲೆ ಮುಖ ಮುಖ ನೋಡಿಕೊಂಡರು. ಗೆರೆಯ ಪಕ್ಕದಲ್ಲಿ, ಕೋಚ್ ಆದರೂ ಬಲೆಚೀಲ ಹೊತ್ತುಕೊಂಡೇ ನಿಂತಿದ್ದ ಚೀಲಪ್ಪ ಚಟ್ಟನೆ ಹಿಂದಕ್ಕೆ ತಿರುಗಿದ. ಆಟಗಾರರು ಹೊರಬರುವ ಬಾಗಿಲ ಕಡೆ ಕತ್ತು ಉದ್ದಮಾಡಿ ನೋಡಿದ, ಮೇಷ್ಟ್ರು ಬಂದರೇನೋ ಎಂದು. ಆಮೇಲೆ ನೆನಪಾಯಿತು ಅಂತ ಕಾಣುತ್ತದೆ, ತಲೆ ತಗ್ಗಿಸಿ ತನ್ನ ಬೂಟು ನೋಡಿಕೊಂಡ.

ಅದನ್ನು ಎಲ್ಲರೂ ಕಂಡರು. ಮೇಲಿನಿಂದ ಮೈಕಣ್ಣನೂ ಕಂಡ. ಅಯ್ಯೋ ಪಾಪ, ಇವನಿಗೂ ಮೇಷ್ಟ್ರು ಒಂದು ಮಾತೂ ಹೇಳದೆ ಹೋಗಿದ್ದಾರೆ ಎಂದುಕೊಂಡ. ಕಾರ್ಯದರ್ಶಿ ಗೂಡಿನ ಮೆಟ್ಟಿಲು ಹತ್ತಿ ಬರುವ ಸದ್ದು ಕೇಳಿಸುತ್ತಿತ್ತು. ಸುಮ್ಮನೆ ಪಟ್ಟಿಯ ಮುಂದಿನ ಸಾಲು ಓದಿದ್ದರೆ ಕೈ ಮಾಡಿದ ತಪ್ಪು ಎಂದು ಕೈಕಾಲು ಹಿಡಿದು ಉಳಿದುಕೊಳ್ಳಬಹುದಿತ್ತು. ಮೈಕಣ್ಣ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡ. ಬಂದದ್ದು ಕಂಚಿನ ದನಿಯಲ್ಲ, ಮನೆಯಲ್ಲಿ ಮಾತಾಡುವ ದನಿ.

"ಅವರು ಬರಲ್ಲ. ಹೋದ್ರು. ನಿಮಗೂ ಹೇಳಿಲ್ಲ, ನನಗೂ ಹೇಳಿಲ್ಲ. ಇವತ್ತು ಇಲ್ಲಿ ನಿಂತಿರೋರು ಇವರು. ನಮ್ಮ..."

ಮತ್ತೆ ಮೈಕು ತಳ್ಳಿದ. ಈ ಸಲ ಕೈ ತಪ್ಪಿದ್ದಲ್ಲ, ಅವನೇ ತಳ್ಳಿದ್ದು. ಒಂದು ಉಸಿರಿನ ಜಾಗ ಹಿಗ್ಗಿ ಹಿಗ್ಗಿ ಮೈದಾನದಷ್ಟಾಯಿತು. ಕೊನೆಗೆ ಎಲ್ಲಿಂದಲೋ ಒಂದು ಮುದಿ ಗಂಟಲು ಒಡಕು ದನಿಯಲ್ಲಿ 'ಚೀಲಪ್ಪ' ಎಂದಿತು. ಅದು ಮಾವನ ಗಂಟಲೆಂದು ಮೈಕಣ್ಣನಿಗೆ ಗುರುತು ಸಿಕ್ಕಿತು. ಯಾರೋ ನಕ್ಕರು, ಅವರ ಪಕ್ಕದವರು ಕೂಗಿದರು, ಒಂದು ಮೂಲೆಯಷ್ಟು ಜನ ದನಿಗೂಡಿಸಿದರು. ಉಳಿದವರು ಬಿಗುಮಾನ ಬಿಡಲಿಲ್ಲ. ಚೀಲಪ್ಪ ಏನು ಮಾಡಬೇಕೋ ತೋಚದೆ ಚೀಲದ ಹಗ್ಗವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.

ಆಟ ಸಮಸಮವಾಯಿತು, ಗಲಾಟೆ ಏನೂ ಆಗಲಿಲ್ಲ. ಆದರೆ ಹೇಳಿದ ಮಾತು ಮೀರಿದ್ದನ್ನು ಕಾರ್ಯದರ್ಶಿ ಮರೆಯುವವನಲ್ಲ. ಗೂಡಿನ ಬೀಗದ ಕೈ ಇಸಿದುಕೊಂಡು, ಹೇಳಿದ್ದೆ ತಾನೇ ಎಂದಷ್ಟೇ ಎಂದ. ಮೈಕಣ್ಣ ಮನೆಗೆ ಬಂದ. ಮಾವ ತಮ್ಮಿಂದಲೇ ಹೀಗಾಯಿತೇನೋ ಎಂಬಂತೆ ಎಣ್ಣೆ ಬಟ್ಟಲು ಹಿಡಿದು ಬಾಗಿಲಿನ ತಿರುಗಣೆಗೆ ಎಣ್ಣೆ ಬಿಡುತ್ತ ಕೂತರು.

ಮುಂದಿನ ಪಂದ್ಯಕ್ಕೆ ಮೈಕಣ್ಣ ಬರುವುದಿಲ್ಲವೆಂದ. ಗಂಡಸು ಮನೆಯಲ್ಲಿ ಕೂತು ಗೋಡೆ ನೋಡಿದರೆ ಗೋಡೆಗೇ ಬೇಜಾರು ಎಂದು ಹೆಂಡತಿ ಶರ್ಟು ತಂದುಕೊಟ್ಟಳು. ಮೂವರೂ ಹೋಗಿ ಗ್ಯಾಲರಿಯ ಬೆಂಚಿನಲ್ಲಿ ಜನರ ನಡುವೆ ಕೂತರು. ಕೆಳಗಿನಿಂದ ಮೈದಾನ ನೋಡಿ ಅವನಿಗೆ ರೂಢಿಯೇ ಇರಲಿಲ್ಲ, ಎಲ್ಲರ ತಲೆಯೂ ಅಡ್ಡ ಬರುತ್ತಿತ್ತು. ಇನ್ಯಾರನ್ನು ಕೂರಿಸಿರಬಹುದು, ಹೆಸರುಗಳನ್ನು ಹೇಗೆ ಹಾಳುಮಾಡುತ್ತಾನೋ ಎಂದು ಚಡಪಡಿಸುತ್ತಿದ್ದ. ಅಷ್ಟರಲ್ಲಿ ಗೂಡಿನಿಂದ ದನಿ ಮೊಳಗಿತು.

ಅವನದೇ ದನಿ. ಆಫೀಸಿನ ಮೇಜಿನ ಮುಂದೆ ಅಭ್ಯಾಸಕ್ಕೆಂದು ಓದಿದ್ದು.

ಮುಂದಿನ ಸಾಲಿನಲ್ಲಿದ್ದ ಕಟಿಂಗ್ ಅಂಗಡಿಯವನು, ಹಿಂದೆ ಯಾರಿದ್ದಾರೆಂದು ತಿಳಿಯದೆ, ಮೈಕಣ್ಣನಿಗೆ ಇವತ್ತು ಏನೋ ಅರ್ಜೆಂಟಿದ್ದ ಹಾಗಿದೆ ಎಂದು ಪಕ್ಕದವನಿಗೆ ಹೇಳಿದ. ಹೆಸರುಗಳು ಒಂದರ ಬಾಲ ಒಂದು ಹಿಡಿದು ಓಡಿದವು. 'ನಮ್ಮ' ಬಂತು, ಉಸಿರಿಲ್ಲ, ಜಾಗವಿಲ್ಲ, ಹಂಗಾಮಿ ಕೋಚಿನ ಹೆಸರೂ ಮುಗಿದೇ ಹೋಯಿತು. ಈ ಸಲ 'ಚೀಲಪ್ಪ' ಎನ್ನಲು ಮನಸ್ಸು ಮಾಡಿಕೊಂಡೇ ಬಂದಿದ್ದ ಜನ ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡರು. ಕೆಳಗೆ ಚೀಲಪ್ಪ ಮಾತ್ರ, ಹೇಗೋ ಧೈರ್ಯ ತಂದುಕೊಂಡು, ಮೇಷ್ಟ್ರ ಹಾಗೆಯೇ ಗೂಡಿನ ಕಡೆ ಕೈ ಎತ್ತಿದ. ಬೀಗ ಹಾಕಿದ ಗೂಡು. ಒಳಗೆ ಯಾರೂ ಇಲ್ಲ. ಅವನು ಕೈ ಇಳಿಸದೆ ಕಾಯುತ್ತ ನಿಂತ.

"ಅದು ನಿಮಗೇ ಅಳಿಯಂದ್ರೇ, ಆ ಕೈ ನಿಮಗೇ," ಎಂದರು ಮಾವ.

ಮೈಕಣ್ಣನಿಗೆ ಕೂರಲು ಆಗಲಿಲ್ಲ. ಬೆಂಚಿನ ಮೇಲೆ ಹತ್ತಿ ನಿಂತ. ಹೆಂಡತಿ ಅವನು ಬೀಳದಂತೆ ಕಾಲು ಹಿಡಿದುಕೊಂಡಳು. ದೇವರು ಕೊಟ್ಟ ಗಂಟಲನ್ನೆಲ್ಲ ಸೇರಿಸಿ ಬರಿಬಾಯಲ್ಲಿ, "ನಮ್ಮ..." ಎಂದು ಕೂಗಿ ಜಾಗ ಬಿಟ್ಟ. ಕಟಿಂಗ್ ಅಂಗಡಿಯವನು ಹಿಂದೆ ತಿರುಗಿದ, ಗೂಡು ನೋಡಿದ, ಮತ್ತೆ ಮೈಕಣ್ಣನ ಮುಖ ನೋಡಿದ. ಮೇಲೆ ಮೈಕಣ್ಣನ ದನಿ ಮತ್ತೆ ಮೊದಲಿನಿಂದ ಹೆಸರುಗಳನ್ನು ಓದತೊಡಗಿತ್ತು. ಸುತ್ತಲಿನ ಒಂದಷ್ಟು ಸಾಲುಗಳು ಎದ್ದು ನಿಂತು 'ಚೀಲಪ್ಪ' ಎಂದವು. ಕೆಳಗೆ ಚೀಲಪ್ಪ, ಎತ್ತಿದ ಕೈಯನ್ನು ಇಳಿಸದೆಯೇ ಇತ್ತ ತಿರುಗಿ, ಅಷ್ಟು ಜನರ ನಡುವೆ ಅದು ಎಲ್ಲಿಂದ ಬಂತೆಂದು ಹುಡುಕತೊಡಗಿದ.