ಮೊಳ ಹಾಕಿ ಅಳೆದ ಬೆಳಕು

ನನ್ನ ಮೊಮ್ಮಗಳು ತೆಗೆದ ಫೋಟೋ ವಿಜಯನಗರದ ಸ್ಟುಡಿಯೋದ ಗಾಜಿನೊಳಗೆ ಬಂತು! ಚಿಕ್ಕದಲ್ಲ, ಎರಡು ಕೈ ಚಾಚಿ ಹಿಡಿಯುವಷ್ಟು ದೊಡ್ಡದು, ಚಿನ್ನದ ಬಣ್ಣದ ಕಟ್ಟು ಹಾಕಿಸಿ ರಸ್ತೆಗೆ ಮುಖ ಮಾಡಿ ನಿಲ್ಲಿಸಿದರು. ಅದರ ಜೊತೆಗೆ ಮುಂದಿನ ಮದುವೆಗೆ ಕ್ಯಾಮೆರಾ ಹಿಡಿದು ಹೋಗುವವಳು ಅವಳೇ ಎಂದು ಮಾತಾಯಿತು. ಸುದ್ದಿ ಬಂದ ಸಾಯಂಕಾಲ ನಾನು ಬುಟ್ಟಿಯಲ್ಲಿ ಉಳಿದಿದ್ದ ಹೂವನ್ನೆಲ್ಲ ದಾರಿಯಲ್ಲಿ ಸಿಕ್ಕ ಹೆಂಗಸರ ಮುಡಿಗೆ ಇಡುತ್ತಲೇ ಮನೆಗೆ ಬಂದೆ. ಹೆಣ್ಣು ಹುಡುಗಿಗೆ ಕ್ಯಾಮೆರಾ ಯಾಕೆ ಅಂದವರು, ನಾವು ಕೊಂಡ ಅಗ್ಗದ ಫ್ಲ್ಯಾಶು ಆಟದ ಸಾಮಾನು ಅಂದವರು, ಎಲ್ಲರೂ ಹೋಗಿ ನೋಡಲಿ. ಆಮೇಲೂ ತಿಂಗಳುಗಟ್ಟಲೆ ನಾನೇ ಕರೆದು ಕರೆದು ತೋರಿಸಿದೆ. ನನಗೇನೂ ನಾಚಿಕೆಯಾಗಲಿಲ್ಲ.

ನಾನು ಎರಡನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಅಕ್ಷರ ಕೂಡಿಸಿ ಬರೆಯುತ್ತೇನೆ, ತಪ್ಪಿದ್ದರೆ ಮೊಮ್ಮಗಳು ತಿದ್ದುತ್ತಾಳೆ. ಮದುವೆಯಾಗಿ ಅಶೋಕಪುರಂಗೆ ಬಂದ ವರ್ಷದಿಂದ ಮಾರುಕಟ್ಟೆಯಲ್ಲಿ ಹೂ ಕಟ್ಟಿ ಮಾರಿದೆ. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಒಂದು ಮೊಳ. ಅದಾದ ಮೇಲೆ ನಾಲ್ಕು ಬೆರಳು ಕೊಸರು, ಗಿರಾಕಿ ಕೇಳಲಿ ಬಿಡಲಿ. ಮೋಟು ಮೊಳ ಹಾಕುವವರ ನಡುವೆ ನನ್ನ ಹತ್ತಿರಕ್ಕೇ ಜನ ಹುಡುಕಿಕೊಂಡು ಬರುತ್ತಿದ್ದರು.

ನನ್ನ ಮಗ ಆಟೋ ಓಡಿಸುತ್ತಿದ್ದ. ಅವನ ಒಬ್ಬಳೇ ಮಗಳು ಆ ಸ್ಟುಡಿಯೋದಲ್ಲಿ ಕಂಪ್ಯೂಟರಿನ ಮುಂದೆ ಕೂತು ಮದುಮಕ್ಕಳ ಮುಖದ ಮೊಡವೆ ಅಳಿಸುವ ಕೆಲಸಕ್ಕಿದ್ದಳು. ರೀಲು ಹೋಗಿ ಡಿಜಿಟಲ್ ಬಂದು ಕೆಲವು ವರ್ಷವಾಗಿತ್ತು. ಮಾಲೀಕರು ಹೊಸ ಕ್ಯಾಮೆರಾ ಕೊಂಡಾಗ ಅವರ ಹಳೇ ಡಿಜಿಟಲ್ ಕ್ಯಾಮೆರಾವನ್ನು ಇವಳು ಸಂಬಳದಲ್ಲಿ ಮುರಿಸಿಕೊಂಡು ತನ್ನದು ಮಾಡಿಕೊಂಡಳು. ಒಂದು ದಿನ ಧೈರ್ಯ ಮಾಡಿ, ನಾನೂ ಮದುವೆಗೆ ಬರುತ್ತೇನೆ ಸಾರ್ ಎಂದು ಕೇಳಿದಳು.

"ಗಂಡಸರ ಮಧ್ಯೆ ನುಗ್ಗಿ ತೆಗೀಬೇಕಮ್ಮ, ನಿನ್ನ ಕೈಲಾಗುತ್ತಾ?" ಎಂದರಂತೆ.

"ನುಗ್ತೀನಿ ಸಾರ್."

"ಹಂಗಾದ್ರೆ ಭಾನುವಾರದ ಮದುವೆಗೆ ಬಾ. ಪಕ್ಕದಲ್ಲಿ ನಿಂತು ತೆಗಿ. ಹುಡುಗಿ ಕಡೆಯವರು ನಿನ್ನ ಒಂದೇ ಒಂದು ಫೋಟೋ ಇಷ್ಟಪಟ್ಟು ದೊಡ್ಡದು ಮಾಡಿಸಿ ಕೊಡಿ ಅಂದ್ರೆ, ಮುಂದಿನ ಮದುವೆ ನಿಂದು. ಇಲ್ಲಾಂದ್ರೆ ಇನ್ನೊಂದ್ಸಲ ಈ ಮಾತು ಎತ್ತಬಾರದು. ನನ್ನ ಫ್ಲ್ಯಾಶ್ ಮಾತ್ರ ಕೇಳ್ಬೇಡ."

ಮನೆಗೆ ಬಂದು ಮುಖ ಸಣ್ಣ ಮಾಡಿಕೊಂಡು ಕೂತಳು. ಕ್ಯಾಮೆರಾದ ನೆತ್ತಿಯ ಮೇಲೆ ಪುಟ್ಟದೊಂದು ಫ್ಲ್ಯಾಶು ಇತ್ತು, ಆದರೆ ಅದರಿಂದ ತೆಗೆದರೆ ಮುಖವೆಲ್ಲ ಸುಣ್ಣ ಬಳಿದ ಗೋಡೆ, ಹಿಂದೆ ಕಪ್ಪು ನೆರಳು. ಬೆಳಕು ಕ್ಯಾಮೆರಾ ಬಿಟ್ಟು ಪಕ್ಕದಿಂದ ಬರಬೇಕು, ಅದಕ್ಕೆ ಬೇರೆ ಫ್ಲ್ಯಾಶು ಬೇಕು ಎಂದಳು. ಇದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಾರುಕಟ್ಟೆಯಲ್ಲಿ ಬಲ್ಬನ್ನು ಗಿರಾಕಿಯ ಕಡೆಯಿಂದ ನೇರ ಬಿಟ್ಟರೆ ಕಾಕಡ ಹೂ ಹತ್ತಿಯ ಹಾಗೆ ಸಪ್ಪೆ ಕಾಣುತ್ತದೆ. ಪಕ್ಕಕ್ಕೆ ಕಟ್ಟಿದರೆ ಮೊಗ್ಗು ಮೊಗ್ಗೂ ಉಬ್ಬಿ ನಿಲ್ಲುತ್ತದೆ.

ಮಗ ಮಾತ್ರ ಒಪ್ಪಲಿಲ್ಲ. "ತಗಂಡ್ರೆ ಕಂಪನೀದು ತಗಬೇಕು. ಆಗ್ದಿದ್ರೆ ಬುಟ್ಬುಡ್ಬೇಕು. ಸಸ್ತಾ ಮಾಲು ತಗಂಡೋಗಿ ಅಷ್ಟು ಜನದ ಮುಂದೆ ಮರ್ಯಾದೆ ಕಳ್ಕಬೇಡಿ."

"ಮರ್ಯಾದೆ ನಿನ್ನ ಫ್ಲ್ಯಾಶಲ್ಲಿ ಇದ್ದದೇನ್ಲಾ?" ಎಂದು ಎದ್ದೆ. ಸೀರೆ ಬದಲಿಸಲೂ ಇಲ್ಲ, ಹೂವಿನ ಬುಟ್ಟಿ ಕಂಕುಳಲ್ಲಿಟ್ಟುಕೊಂಡೇ ಮೊಮ್ಮಗಳ ಜೊತೆ ದೇವರಾಜ ಮೊಹಲ್ಲಾದ ಫೋಟೋ ಸಾಮಾನಿನ ಅಂಗಡಿಗೆ ಹೋದೆ.

ಅಂಗಡಿಯವನಿಗೆ ನನ್ನ ಗುರುತಿತ್ತು. "ಏನಜ್ಜಿ, ದೇವರ ಹೂವು ಬೆಳಗ್ಗೇನೇ ತಗೊಂಡಾಯ್ತಲ್ಲ?"

"ಮಾರಕ್ಕಲ್ಲ ಕಣಪ್ಪ, ತಗಳಕ್ಕೆ ಬಂದಿವ್ನಿ. ಫ್ಲ್ಯಾಶು ತೋರ್ಸು."

ಅವನು ಮೊದಲು ಇಳಿಸಿದ್ದು ಕಂಪನಿಯದು. "ದೂರಾನೂ ಇದೇ ಅಳ್ಕೊಳುತ್ತೆ, ಬೆಳಕೂ ಇದೇ ನೋಡ್ಕೊಳುತ್ತೆ. ನೀವು ಗುಂಡಿ ಒತ್ತಿದ್ರೆ ಸಾಕು."

ಅವನು ಹೇಳಿದ ಬೆಲೆಗೆ ನನ್ನ ಮಗನ ಆಟೋಗೆ ಮೂರು ಟಯರೂ ಹಾಕಿಸಿ ಟಾಪೂ ಹೊಲಿಸಬಹುದಿತ್ತು. "ಎಲ್ಲ ಅದೇ ಮಾಡಂಗಿದ್ರೆ ನಾವ್ಯಾಕಪ್ಪ ಮದುವೆಗೆ ಹೋಗದು, ಅದನ್ನೇ ಕಳ್ಸು," ಎಂದೆ.

ಆಮೇಲೆ ಮೂಲೆಯಿಂದ ಧೂಳು ಒರೆಸಿ ಒಂದು ತಂದ. ರೀಲು ಕಾಲದ್ದು, ಬಹಳ ಅಗ್ಗ. ನಾನು ಕೈ ಚಾಚಿದೆ. ಮೊಮ್ಮಗಳು ತಡೆದಳು. "ಬೇಡ ಅಜ್ಜಿ. ಹಳೇ ಫ್ಲ್ಯಾಶಲ್ಲಿ ಕರೆಂಟು ಜೋರಾಗಿರುತ್ತೆ. ನನ್ನ ಡಿಜಿಟಲ್ಗೆ ಸಿಕ್ಕಿಸಿದ್ರೆ ಕ್ಯಾಮೆರಾನೇ ಸುಟ್ಟೋಗ್ಬೋದು. ಅಲ್ವಾ ಸಾರ್?"

ಅಂಗಡಿಯವನು ಅದನ್ನು ಮೆಲ್ಲಗೆ ಒಳಗಿಟ್ಟ. ಆಗಲೇ ನನಗೆ ಗೊತ್ತಾಯಿತು, ನನ್ನ ಹುಡುಗಿಗೆ ಕೆಲಸ ಗೊತ್ತು.

ಉಳಿದದ್ದು ಎರಡು. ಎರಡೂ ಹೊಸವು, ಬೆಳಕನ್ನು ಕೈಯಲ್ಲೇ ಹೆಚ್ಚು ಕಡಿಮೆ ಮಾಡಿಕೊಳ್ಳುವಂಥವು. ಅವಳು ಫ್ಲ್ಯಾಶಿನ ತಲೆ ಅತ್ತಿತ್ತ ತಿರುಗುತ್ತದೆಯೇ ನೋಡಿದಳು, ಬೆಳಕನ್ನು ಅರ್ಧಕ್ಕೆ, ಕಾಲಿಗೆ ಇಳಿಸುವ ಗುಂಡಿ ಒತ್ತಿದಳು, ಕ್ಯಾಮೆರಾದಿಂದ ದೂರ ಹಿಡಿಯಲು ವೈರು ಸಿಕ್ಕಿಸುವ ತೂತು ಹುಡುಕಿದಳು. ಎರಡರಲ್ಲೂ ಎಲ್ಲ ಇತ್ತು. ಒಂದಕ್ಕೆ ಹೊಳಪು ಜಾಸ್ತಿ, ಅಂಗಡಿಯವನು ಅದನ್ನೇ ಮುಂದೆ ಮುಂದೆ ತಳ್ಳುತ್ತಿದ್ದ.

"ಒಂದ್ಸಲ ಮಿಂಚಿದ್ಮೇಲೆ ಮತ್ತೆ ಕೆಂಪು ದೀಪ ಹತ್ತೋವರೆಗೂ ಇದು ಕುರುಡು ಅಜ್ಜಿ," ಎಂದಳು ಮೊಮ್ಮಗಳು. "ಯಾವುದಕ್ಕೆ ಬೇಗ ಹತ್ತುತ್ತೋ ನೋಡ್ಬೇಕು."

ಅಂಗಡಿಯವನು ಕೈಗಡಿಯಾರ ಬಿಚ್ಚಿಕೊಡಲು ಬಂದ. "ನಿನ್ ವಾಚು ಮಡಿಕ್ಕೊ. ನನ್ ಕೈ ಇನ್ನೂ ನಿಂತೋಗಿಲ್ಲ," ಎಂದು ಬುಟ್ಟಿಯಿಂದ ಮೊಗ್ಗು, ದಾರ ತೆಗೆದು ಗಾಜಿನ ಮೇಜಿನ ಮೇಲೆ ಹೂ ಕಟ್ಟತೊಡಗಿದೆ. ನನ್ನ ಕೈ ಓಟ ಗಡಿಯಾರದಷ್ಟೇ ಒಂದೇ ಸಮ. ಎರಡಕ್ಕೂ ಹೊಸ ಪೆನ್ಸಿಲ್ ಸೆಲ್ಲು ಹಾಕಿಸಿದೆವು. ಹೊಳೆಯುವುದು ಮಿಂಚಿತು, ಕುಯ್ಯೆಂದು ಕೊರಗಿತು. ದೀಪ ಹತ್ತುವಷ್ಟರಲ್ಲಿ ಒಂಬತ್ತು ಗಂಟು ಹಾಕಿದ್ದೆ. ಇನ್ನೊಂದಕ್ಕೆ ನಾಲ್ಕೇ ಗಂಟು. ಇನ್ನೊಂದು ಸಲ ನೋಡಿದೆವು, ಮತ್ತೆ ನಾಲ್ಕು.

"ತಾಳಿ ಕಟ್ಟೋನು ಒಂಬತ್ತು ಗಂಟು ಕಾಯ್ತಾನೇನಪ್ಪ? ಇದನ್ನೇ ಕೊಡು. ಉದ್ದದ ವೈರೂ ಕೊಡು."

ಈ ಫ್ಲ್ಯಾಶು ದೂರ ಅಳೆಯುವುದಿಲ್ಲವಲ್ಲ, ಹತ್ತಿರ ಹೋದರೆ ಮುಖ ಬೆಳ್ಳಗೆ ಸುಟ್ಟುಹೋಗುತ್ತದೆ, ದೂರವಾದರೆ ಕಪ್ಪು. ಎಷ್ಟು ದೂರಕ್ಕೆ ಕ್ಯಾಮೆರಾದ ಕಣ್ಣನ್ನು ಎಷ್ಟು ತೆರೆಯಬೇಕೆಂದು ಮನೆಗೆ ಬಂದ ಮೇಲೆ ಮೊಮ್ಮಗಳು ಅದರ ಪುಸ್ತಕ ನೋಡಿ ಲೆಕ್ಕ ಹಾಕಿದಳು. "ಅಳತೆ ತಾನೇ, ಅದ್ ನನಗೆ ಬುಡು," ಎಂದು ಹೂವಿನ ದಾರವನ್ನು ಫ್ಲ್ಯಾಶಿನ ಕೊರಳಿಗೆ ಕಟ್ಟಿದೆ. ಮೊಳಕ್ಕೊಂದು ಗಂಟು. ಮೂರು ಮೊಳಕ್ಕೆ ಹನ್ನೊಂದು, ನಾಲ್ಕು ಮೊಳಕ್ಕೆ ಎಂಟು, ಆರು ಮೊಳಕ್ಕೆ ಐದು ಚಿಲ್ಲರೆ. ಈ ಅಂಕಿಗಳು ಅವಳ ಕ್ಯಾಮೆರಾದ ಕಣ್ಣಿನವು, ಅಂಕಿ ಇಳಿದಷ್ಟೂ ಕಣ್ಣು ಅಗಲವಂತೆ, ಗಂಟು ನನ್ನದು. ಹಿಡಿದುಕೊಳ್ಳುವವಳೂ ನಾನೇ ಎಂದು ನಿಶ್ಚಯವಾಯಿತು.

ಸೊಸೆಯನ್ನು ಸ್ಟೂಲಿನ ಮೇಲೆ ಕೂರಿಸಿ, ದಾರದ ನಾಲ್ಕನೇ ಗಂಟನ್ನು ಅವಳ ಗಲ್ಲಕ್ಕೆ ಮುಟ್ಟಿಸಿ, ಬಿಟ್ಟು, ಮಿಂಚಿಸಿದೆವು. ಮಂಕು. ಮೂರನೇ ಗಂಟಿಗೆ ಬಂದೆವು. ಅದೂ ಮಂಕು. ಸೊಸೆ ಮೂರು ದಿನ ಜ್ವರ ಬಂದು ಎದ್ದವಳ ಹಾಗೆ ಕಂಡಳು.

ಬಾಗಿಲಲ್ಲಿ ನಿಂತಿದ್ದ ಮಗನಿಗೆ ಅಷ್ಟೇ ಬೇಕಾಗಿತ್ತು. "ನಾನ್ ಬಡ್ಕಂಡೆ, ಯಾರ್ ಕೇಳೀರಿ! ವಾಪಸ್ ಕೊಟ್ಬುಡಿ ಅದನ್ನ."

"ಕೊಡಾಕಿಲ್ಲ ಹೋಗ್ಲಾ," ಎಂದೆ. ಭಾನುವಾರಕ್ಕೆ ಎರಡೇ ದಿನ. ಈ ಒಂದು ಮದುವೆ ತಪ್ಪಿದರೆ ಹುಡುಗಿ ಮೊಡವೆ ಅಳಿಸುತ್ತಲೇ ಇರಬೇಕಿತ್ತು.

ಮೊಮ್ಮಗಳು ಸೊಸೆಯ ಹೊಲಿಗೆ ಪೆಟ್ಟಿಗೆಯಿಂದ ಟೇಪು ತಂದಳು. ಮೊಳಕ್ಕೆ ಒಂದೂವರೆ ಅಡಿಯಂತೆ ಟೇಪಿನಲ್ಲಿ ನಾಲ್ಕು ಮೊಳ ಅಳೆದು ಮಿಂಚಿಸಿದಳು. ಮುಖ ತೊಳೆದಿಟ್ಟ ಹಾಗೆ ಬಂತು! ಆಮೇಲೆ ನನ್ನ ದಾರವನ್ನು ನೆಲದ ಮೇಲೆ ಟೇಪಿನ ಪಕ್ಕ ಎಳೆದು ಮಲಗಿಸಿದಳು. ಒಂದೊಂದು ಗಂಟೂ ನಾಲ್ಕು ನಾಲ್ಕು ಬೆರಳು ಆಚೆಗಿತ್ತು.

"ಅಜ್ಜೀ... ಇದಕ್ಕೂ ಕೊಸರು ಹಾಕಿದ್ದೀಯಾ?"

ಸೊಸೆ ಸ್ಟೂಲಿನಿಂದ ಬೀಳುವ ಹಾಗೆ ನಕ್ಕಳು. ಮಗನೂ ನಕ್ಕ. ನಾನು ಹೊಸ ದಾರ ತಗೊಂಡು ಸರಿಯಾಗಿ ಗಂಟು ಹಾಕಲು ಹೋದೆ. ಕೈ ಕೇಳಬೇಕಲ್ಲ! ಮೊಳ ಮುಗಿದ ಕಡೆ ಹೆಬ್ಬೆಟ್ಟು ನಿಲ್ಲದು, ನಾಲ್ಕು ಬೆರಳು ಜಾರಿಯೇ ಜಾರುತ್ತದೆ. ಎರಡನೇ ಸಲವೂ ಹಾಗೇ. ಸಿಟ್ಟು ಬಂದು ದಾರ ಬಿಸಾಡಿದೆ.

ಮೊಮ್ಮಗಳು ಅದನ್ನು ಎತ್ತಿ ಮತ್ತೆ ಫ್ಲ್ಯಾಶಿನ ಕೊರಳಿಗೆ ಕಟ್ಟಿದಳು. "ನಿನ್ನ ಕೊಸರು ಇರ್ಲಿ ಬಿಡಜ್ಜಿ. ನಾನು ಕ್ಯಾಮೆರಾ ಕಣ್ಣನ್ನೇ ಇನ್ನೊಂಚೂರು ತೆರೀತೀನಿ, ಅಷ್ಟೇ ತಾನೇ." ಹಾಗೇ ಮಾಡಿದಳು. ಮೂರನೇ ಗಂಟು, ನಾಲ್ಕು, ಆರು, ಎಲ್ಲಿ ನಿಂತರೂ ಸೊಸೆಯ ಮುಖ ಬೆಳಗಿತು.

ಭಾನುವಾರ ಬೆಳಗ್ಗೆ ಬೇಡ ಬೇಡ ಅಂದ ಮಗನೇ ನಮ್ಮನ್ನು ಆಟೋದಲ್ಲಿ ಛತ್ರಕ್ಕೆ ಬಿಟ್ಟ. ಜನ ಸೇರುವ ಮೊದಲೇ ನಾನು ಹಸೆಮಣೆಯಿಂದ ದಾರ ಎಳೆದು ನಾಲ್ಕನೇ ಗಂಟು ಬಂದ ಜಾಗದಲ್ಲಿ ಒಂದು ಕನಕಾಂಬರ ಇಟ್ಟೆ. ಮುಹೂರ್ತ ಬಂದಾಗ ಅದರ ಮೇಲೆ ಕಾಲಿಟ್ಟು ನಿಂತೆ. ಕೈಯಲ್ಲಿ ಫ್ಲ್ಯಾಶು, ಅದರಿಂದ ಮೊಮ್ಮಗಳ ಕ್ಯಾಮೆರಾವರೆಗೆ ಸುರುಳಿ ವೈರು, ಹಸುವಿಗೆ ಕಟ್ಟಿದ ಕರುವಿನ ಹಾಗೆ ನಾವಿಬ್ಬರು. ಮಾಲೀಕರು ನೆತ್ತಿಯ ಮೇಲೆ ಫ್ಲ್ಯಾಶು ಸಿಕ್ಕಿಸಿದ ಕ್ಯಾಮೆರಾ ಹಿಡಿದು ಎದುರಿಗೇ ನಿಂತಿದ್ದರು.

"ಏನಜ್ಜಿ, ದಾರ ತಂದಿದ್ದೀರಿ, ಹೂ ಕಟ್ಟೋಕಾ?" ಎಂದ ಗಂಡಿನ ಕಡೆಯವನೊಬ್ಬ.

"ಬೆಳಕು ಕಟ್ಟಕ್ಕೆ ಕಣಪ್ಪ."

ಅಕ್ಷತೆ ಹಿಡಿದ ಜನ ಒತ್ತಿಕೊಂಡು ಬಂತು. ಹುಡುಗಿಯ ಸೋದರಮಾವ ನನ್ನ ಭುಜ ಹಿಡಿದು ಪಕ್ಕಕ್ಕೆ ತಳ್ಳಿದರು. "ಸರ್ಕೊಳ್ರಮ್ಮ, ಅಡ್ಡ ನಿಂತಿದ್ದೀರಿ!"

"ನನ್ ತಲೆ ಮ್ಯಾಲಿಂದ ಹಾಕಿ ಸ್ವಾಮಿ ಅಕ್ಷತೆ. ನಾನ್ ಸರಿಯಾಕಿಲ್ಲ."

ಹಾಗೇ ಹಾಕಿದರು, ಅರ್ಧ ಅಕ್ಕಿ ನನ್ನ ಕುಪ್ಪಸದೊಳಗೇ ಬಿತ್ತು. ಕನಕಾಂಬರದ ಮೇಲಿಂದ ಕಾಲು ಕೀಳಲಿಲ್ಲ. ತಾಳಿ ಕಟ್ಟುವಾಗ ಹುಡುಗಿ ತಲೆ ತಗ್ಗಿಸಿ, ಕಣ್ಣು ಮುಚ್ಚಿ, ಇದ್ದಕ್ಕಿದ್ದ ಹಾಗೆ ನಕ್ಕಳು. ಆಗ ಮಿಂಚಿತು. ನಾಲ್ಕು ಗಂಟಿನ ಹೊತ್ತು ಬಿಟ್ಟು ಇನ್ನೊಂದು ಸಲ ಮಿಂಚಿತು.

ವಾರ ಕಳೆದು ಹುಡುಗಿಯ ತಾಯಿ ಫೋಟೋ ಆರಿಸಲು ಸ್ಟುಡಿಯೋಗೆ ಬಂದರಂತೆ. ಕಂಪ್ಯೂಟರಿನಲ್ಲಿ ಒಂದೊಂದೇ ನೋಡುತ್ತಾ ಬಂದವರು ಆ ನಗುವಿನ ಹತ್ತಿರ ನಿಂತುಬಿಟ್ಟರಂತೆ. "ಇದನ್ನ ದೊಡ್ಡದು ಮಾಡಿ ಕೊಡಿ," ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರಂತೆ. ಮಾಲೀಕರು ಎರಡು ಮಾಡಿಸಿದರು, ಒಂದು ಅವರಿಗೆ, ಒಂದು ತಮ್ಮ ಗಾಜಿಗೆ. ಕೊಟ್ಟ ಮಾತಿಗೆ ತಪ್ಪಲಿಲ್ಲ, ಅದನ್ನು ಹೇಳಲೇಬೇಕು. "ಮುಂದಿನ ಮದುವೆಗೆ ನನ್ನ ಫ್ಲ್ಯಾಶ್ ತಗೊಂಡು ಹೋಗಮ್ಮ," ಎಂದೂ ಫೋಟೋ ಗಾಜಿಗೆ ಇಟ್ಟ ದಿನ ಅಂದರಂತೆ.

"ಬೇಡ ಸಾರ್, ನಮ್ಮದಿದೆ," ಎಂದು ಹೇಳಿ ಅಲ್ಲಿಂದ ನೇರ ಮಾರುಕಟ್ಟೆಗೆ ಓಡಿಬಂದಳು ನನ್ನ ಮೊಮ್ಮಗಳು.

ಅವತ್ತು ಮಗ ಸಾಯಂಕಾಲವೇ ಆಟೋ ನಿಲ್ಲಿಸಿ ಕೋಳಿ ತಂದ. ಮನೆಗೆ ಬರುವ ಮೊದಲು ವಿಜಯನಗರಕ್ಕೆ ಹೋಗಿ ಗಾಜಿನ ಮುಂದೆ ನಿಂತು ನೋಡಿ ಬಂದಿದ್ದನಂತೆ, ಕೇಳಿದರೆ ಪೆಟ್ರೋಲಿಗೆ ಆ ಕಡೆ ಹೋಗಿದ್ದೆ ಅಂದ. ಸೊಸೆ ಸಾರು ಕುದಿಸಿ, ಮುದ್ದೆ ಕಟ್ಟಿ, ಶಾವಿಗೆ ಪಾಯಸವನ್ನೂ ಮಾಡಿದಳು. ಗಂಡಸರು ಮೊದಲು, ಹೆಂಗಸರು ಆಮೇಲೆ ಎನ್ನುವುದನ್ನು ಅವತ್ತು ಬಿಟ್ಟುಹಾಕಿ ನಾಲ್ಕೂ ಜನ ಪಾತ್ರೆಗಳನ್ನು ನಡುವೆ ಇಟ್ಟುಕೊಂಡು ಸುತ್ತ ಕೂತೆವು. ಫ್ಲ್ಯಾಶು ದಾರದ ಸಮೇತ ದೇವರ ಗೂಡಿನ ಪಕ್ಕದ ಮೊಳೆಯಲ್ಲಿ ತೂಗುತ್ತಿತ್ತು.

ಬಡಿಸುವ ಸೌಟು ನಾನು ಹಿಡಿದೆ. ಮಗನ ತಟ್ಟೆಗೆ ಸಾರು ಹಾಕಿದೆ, ಮತ್ತೆ ಒಂದು ಸೌಟು ಹಾಕಿದೆ.

"ಸಾಕು ಕಣವ್ವ, ಚೆಲ್ಲೋಯ್ತದೆ!"

"ಉಣ್ಲಾ ಸುಮ್ನೆ," ಎಂದು ಇನ್ನೊಂದು ಚೂರು ಕೋಳಿ ಇಟ್ಟೆ. ಮೊಮ್ಮಗಳು ನಕ್ಕು ತನ್ನ ತಟ್ಟೆಯನ್ನೂ ಮುಂದಕ್ಕೆ ಚಾಚಿದಳು.