ಸಂಡಿಗೆಯ ಪಕ್ಕ ಒಣಗಿದ ವಿಮಾನ

ಇವತ್ತು ಬೆಳಿಗ್ಗೆ ಮಹಡಿಯ ಮೇಲೆ ಕೂತು ಸಂಡಿಗೆ ಒತ್ತುತ್ತಿದ್ದಾಗ ಫೋನು ಬಂತು. ಕೈಯೆಲ್ಲ ಹಿಟ್ಟು, ಕಿರುಬೆರಳಿನಲ್ಲಿ ಸ್ಪೀಕರ್ ಒತ್ತಿದೆ. ಜಯನಗರದ ಕಣ್ಣಿನ ಆಸ್ಪತ್ರೆಯಿಂದ ನಮ್ಮ ಯಜಮಾನರು. "ನಿಮ್ಮಕ್ಕನ್ನ ಒಳಗೆ ಕರೆದ್ರು. ಪಟ್ಟಿ ಬಿಚ್ತಾರಂತೆ. ಆಮೇಲೆ ಮಾಡ್ತೀನಿ" ಎಂದು ಇಟ್ಟೇಬಿಟ್ಟರು.

ಇಂಥ ಹೊತ್ತಿನಲ್ಲಿ ದೇವರ ಮುಂದೆ ಕೂತುಬಿಡೋಣ ಅನ್ನಿಸುತ್ತದೆ. ಆದರೆ ಸಂಡಿಗೆ ಹಿಟ್ಟಿಗೆ ಅದೆಲ್ಲ ತಿಳಿಯುವುದಿಲ್ಲ. ಆರಿತೋ, ಒತ್ತುವ ಒರಳಿನಿಂದ ಇಳಿಯುವುದಿಲ್ಲ. ಬಾಯಲ್ಲಿ ರಾಯರ ಹೆಸರು ಹೇಳುತ್ತಾ ಒತ್ತುವುದನ್ನು ಮುಂದುವರಿಸಿದೆ. ಒಂದು ಸಾಲು ಮುಗಿಸಿ ತಲೆಯೆತ್ತಿದರೆ, ಬಟ್ಟೆ ಒಣಗಿಸುವ ತಂತಿಗೆ ಕಟ್ಟಿದ ಬೂದು ಬಣ್ಣದ ಸೊಟ್ಟ ರೆಕ್ಕೆ ಗಾಳಿಗೆ ಮೆಲ್ಲಗೆ ತಿರುಗುತ್ತಿತ್ತು. ಅಂಗೈಯಷ್ಟು ಉದ್ದದ್ದು. ಕಾಗೆಗಳು ಹೆದರಲಿ ಎಂದು ನಾನೇ ಕಟ್ಟಿದ್ದು. ಹೇಗೂ ಕಾಯಬೇಕಲ್ಲ, ನೀವೂ ಜೊತೆಗೆ ಕೂತಿರಿ, ಅದರ ಕತೆ ಹೇಳುತ್ತೇನೆ.

ನಮ್ಮಕ್ಕ ಮದುವೆಯಾಗಲಿಲ್ಲ. ವಿಮಾನ ಕಾರ್ಖಾನೆಯೊಂದರ ಡ್ರಾಯಿಂಗ್ ಆಫೀಸಿನಲ್ಲಿ ನಕ್ಷೆ ಬರೆಯುತ್ತಾ ಬರೆಯುತ್ತಾ ತಲೆ ಬೆಳ್ಳಗೆ ಮಾಡಿಕೊಂಡಳು. ನಿವೃತ್ತಿಯಾದ ಮೇಲೆ ತ್ಯಾಗರಾಜನಗರದ ನಮ್ಮ ಮನೆಯ ಮಹಡಿ ಕೋಣೆಗೆ ಬಂದಳು. ಹುಡುಗರು ಹಾರಲು ಕಲಿಯುವ ಪುಟ್ಟ ವಿಮಾನವೊಂದಕ್ಕೆ ಅವಳು ಕೆಲಸ ಮಾಡಿದ್ದಳಂತೆ. ಅದರ ಮಾದರಿಯೊಂದು ಮೇಜಿನ ಮೇಲಿರಬೇಕು ಎಂದು ಅವಳಿಗೆ ಆಸೆ. ಅಂಗಡಿಯಲ್ಲಿ ಜೋಡಿಸುವ ವಿಮಾನಗಳ ಡಬ್ಬಿ ಬೇಕಾದಷ್ಟಿವೆ, ಎಲ್ಲ ಪರದೇಶದವು. ಅವಳದ್ದನ್ನು ಯಾರೂ ಮಾಡಿಲ್ಲ. "ಯಾರೂ ಮಾಡ್ದಿದ್ರೆ ನಾವೇ ಮಾಡ್ಕೊಂಡ್ರಾಯ್ತು" ಎಂದವಳೇ, ಒಂದೊಂದು ಭಾಗವನ್ನೂ ನಲವತ್ತೆಂಟು ಪಟ್ಟು ಚಿಕ್ಕದಾಗಿ ಕಂಪ್ಯೂಟರಿನಲ್ಲಿ ಬರೆದಳು. ಆಮೇಲೆ ಒಂದು ರೆಸಿನ್ ಪ್ರಿಂಟರ್ ತಂದಿಟ್ಟಳು.

ಅದನ್ನು ನೀವು ನೋಡಬೇಕಿತ್ತು. ತೊಟ್ಟಿಯಲ್ಲಿ ಬೂದು ಬಣ್ಣದ ದ್ರವ. ಕೆಳಗಿನಿಂದ ಬೆಳಕು ಬಿದ್ದ ಕಡೆ ಕೂದಲೆಳೆಯಷ್ಟು ಗಟ್ಟಿಯಾಗುತ್ತದೆ, ತಟ್ಟೆ ತುಸು ಮೇಲೇಳುತ್ತದೆ, ಮತ್ತೆ ಇಳಿಯುತ್ತದೆ. ಗಂಟೆಗಟ್ಟಲೆ ಹೀಗೇ. ಕೊನೆಗೆ ಪೈಲಟ್ಟಿನ ಕುರ್ಚಿಯೋ ಚಕ್ರವೋ ತಲೆಕೆಳಗಾಗಿ ತೂಗುತ್ತಾ ಎದ್ದು ಬರುತ್ತದೆ. ಕಿತ್ತಳೆ ಬಣ್ಣದ ಆ ಮುಚ್ಚಳದೊಳಗೆ ನೋಡುತ್ತಾ ನಾನು ಎಷ್ಟು ಮಧ್ಯಾಹ್ನ ಮೈಮರೆತಿದ್ದೇನೋ. ಹಾಲುಗಡಲಿನಿಂದ ಲಕ್ಷ್ಮಿ ಎದ್ದದ್ದೂ ಇಷ್ಟೇ ನಿಧಾನವಾಗಿ ಇರಬೇಕು. ವಾಸನೆ ಮಾತ್ರ ಹಾಲಿನದಲ್ಲ! ಅಕ್ಕ ಕಿಟಕಿ ತೆರೆದು, ಮಾಸ್ಕ್, ಗ್ಲೌಸ್ ಹಾಕಿಕೊಂಡೇ ಮುಟ್ಟುತ್ತಿದ್ದಳು, ನನಗೂ ಹಾಕಿಸುತ್ತಿದ್ದಳು.

ಅಷ್ಟು ಹೊತ್ತಿಗೆ ಗ್ಲಾಕೋಮಾದಿಂದ ಅವಳ ಬಲಗಣ್ಣು ಹೋಗಿತ್ತು. ಉಳಿದ ಎಡಗಣ್ಣಿಗೂ ಪೊರೆ ಬಂದು ಆಪರೇಷನ್ ಗೊತ್ತಾಯಿತು. ನರ ಎಷ್ಟು ಉಳಿದಿದೆ ಎನ್ನುವುದು ಪಟ್ಟಿ ಬಿಚ್ಚಿದ ಮೇಲೇ ತಿಳಿಯುವುದು ಎಂದರು ಡಾಕ್ಟರು. ಅದಕ್ಕೆ ಮೊದಲು ವಿಮಾನ ಮುಗಿಯಬೇಕು ಎಂದು ಅಕ್ಕನ ಹಠ.

ಪ್ರಿಂಟಾದ ಭಾಗಗಳನ್ನು ಸ್ಪಿರಿಟ್ಟಿನಲ್ಲಿ ತೊಳೆದು ಬಿಸಿಲಿಗಿಟ್ಟರೆ ಪೂರ್ತಿ ಗಟ್ಟಿಯಾಗುತ್ತವೆ. ಒಂದು ದಿನ ರೆಕ್ಕೆಗಳ ತಟ್ಟೆಯನ್ನು ನನ್ನ ಕೈಗಿಟ್ಟು, "ಎರಡೆರಡು ನಿಮಿಷಕ್ಕೆ ತಿರುಗಿಸ್ತಿರು" ಎಂದು ಹೇಳಿ, ಕಣ್ಣಿಗೆ ಹನಿ ಹಾಕಿಕೊಂಡು ಮಲಗಿದಳು. ಬಿಸಿಲಿನ ವಿಷಯ ನನಗೇ ಹೇಳಿಕೊಡುವುದೇ! ಎಷ್ಟು ವರ್ಷದ ಸಂಡಿಗೆ ನನ್ನದು. ಸಂಡಿಗೆಯಿಂದ ಮಾರು ದೂರದಲ್ಲಿ ತಟ್ಟೆ ಇಟ್ಟೆ. ಒಂದು ಮಗ್ಗುಲು ಚೆನ್ನಾಗಿ ಒಣಗಲಿ, ಆಮೇಲೆ ಮಗುಚಿದರಾಯಿತು ಎಂದುಕೊಂಡು ಪಕ್ಕದ ಮನೆ ಸರೋಜಮ್ಮನವರಲ್ಲಿ ಪಾರಾಯಣಕ್ಕೆ ಹೋದೆ. ಪ್ರಸಾದ ಹಿಡಿದು ಬಂದು ನೋಡಿದರೆ, ಎಡರೆಕ್ಕೆ ಬಾಣಲೆಗೆ ಬಿದ್ದ ಹಪ್ಪಳದಂತೆ ಸುರುಟಿಕೊಂಡಿದೆ. ಬಲದ್ದು ನೀರಿನ ಟ್ಯಾಂಕಿನ ನೆರಳಿಗೆ ಸಿಕ್ಕಿ ಉಳಿದಿತ್ತು, ಅಷ್ಟು ಪುಣ್ಯ.

ಅಕ್ಕ ಬೆರಳಾಡಿಸಿ ನೋಡಿದಳು. "ಎಣ್ಣೆ ಕಾಯಿಸ್ಲೇನೇ? ಕರಿಯೋದೊಂದೇ ಬಾಕಿ."

ನನಗೆ ಅಳು ಬಂತು. "ತಪ್ಪಾಯ್ತಕ್ಕ. ನಿನ್ನ ಕಣ್ಣು ಹೀಗಿರೋವಾಗ ಎರಡು ದಿನದ ಕೆಲ್ಸ ಹಾಳು ಮಾಡಿದೆ."

"ಕಣ್ಣಿನ ಮಾತು ಆಮೇಲೆ. ಬಲಗಡೆ ರೆಕ್ಕೆ ತಿರುಗಿಸೇ ಮೊದ್ಲು!"

ಅವಳು ಎಡರೆಕ್ಕೆಯನ್ನು ಮತ್ತೆ ಪ್ರಿಂಟ್ ಮಾಡಿದಳು. ಅಲ್ಲಿಂದಾಚೆ ನಾನು ತಟ್ಟೆ ಬಿಟ್ಟು ಏಳಲಿಲ್ಲ. ನೂರೆಂಟು ಸಲ ರಾಯರ ಹೆಸರು ಹೇಳಿದರೆ ಸುಮಾರು ಎರಡು ನಿಮಿಷ. ಒಮ್ಮೆ ಮಗುಚುವುದು, ಮತ್ತೆ ನೂರೆಂಟು. ಬಾಲ, ಚಕ್ರ, ಕುರ್ಚಿ ಎಲ್ಲ ನಾಮಸ್ಮರಣೆಯಲ್ಲೇ ಗಟ್ಟಿಯಾದವು. "ಏನ್ರೀ, ಸಂಡಿಗೇಗೂ ಮಂತ್ರ ಹಾಕ್ತೀರಾ?" ಎಂದು ಸರೋಜಮ್ಮ ಅವರ ಮಹಡಿಯಿಂದ ಛೇಡಿಸಿದರು.

ಆಪರೇಷನ್ನಿನ ಹಿಂದಿನ ದಿನ ವಿಮಾನ ಮುಗಿಯಿತು, ಒಂದು ಬಾಗಿಲನ್ನು ಬಿಟ್ಟು. ಮುಂದಿನ ಚಕ್ರವನ್ನು ಹೊಟ್ಟೆಯೊಳಗೆ ಎಳೆದುಕೊಂಡ ಮೇಲೆ ಮುಚ್ಚುವ ಬಾಗಿಲು; ಹುಣಸೆ ಬೀಜದಷ್ಟಿದೆ. ಇಡೀ ವಿಮಾನದಲ್ಲಿ ಅಕ್ಕ ತಾನೊಬ್ಬಳೇ ಪೂರ್ತಿ ನಕ್ಷೆ ಬರೆದದ್ದು ಅದೊಂದನ್ನೇ ಅಂತೆ.

"ಅದನ್ನೂ ಅಂಟಿಸಿಬಿಡು" ಎಂದೆ.

"ಬೇಡ. ಆಸ್ಪತ್ರೆಯಿಂದ ಬಂದ್ಮೇಲೆ ಅಂಟಿಸ್ತೀನಿ."

"ಹೊಟ್ಟೆ ಕೆಳಗಿರೋದು ಯಾರಿಗೆ ಕಾಣತ್ತೆ ಬಿಡಕ್ಕ."

"ವರಮಹಾಲಕ್ಷ್ಮಿಗೆ ಸೀರೆ ಉಡಿಸೋವಾಗ ಬೆನ್ನ ಕಡೆ ಹಾಗೇ ಬಿಡ್ತೀಯೇನೇ ನೀನು?"

ಬಾಗಿಲನ್ನು ಖಾಲಿ ಕುಂಕುಮದ ಭರಣಿಯಲ್ಲಿ ಹಾಕಿ ದೇವರ ಮನೆಯಲ್ಲಿಟ್ಟೆ. ಕಣ್ಣು ಕಾಣದೇ ಹೋದರೆ ಎಂಬ ಮಾತನ್ನು ಅವಳೂ ಆಡಲಿಲ್ಲ, ನಾನೂ ಆಡಲಿಲ್ಲ.

ನಾಲ್ಕನೆಯ ಸಾಲು ಒತ್ತುತ್ತಿದ್ದಾಗ ಫೋನು ಮತ್ತೆ ಬಂತು. ಈ ಸಲ ಅಕ್ಕನದೇ ದನಿ.

"ಲೇ, ನಿನ್ನ ಗಂಡ ಶರ್ಟಿನ ಗುಂಡಿ ಮೇಲೆ ಕೆಳಗೆ ಹಾಕ್ಕೊಂಡು ಆಸ್ಪತ್ರೆ ತುಂಬಾ ಓಡಾಡ್ತಿದಾರಲ್ಲೇ. ನೋಡಿ ಕಳಿಸ್ಬಾರ್ದಾ?"

"ಅಯ್ಯೋ ಹೌದಲ್ಲ!" ಎಂದು ಹಿಂದಿನಿಂದ ಯಜಮಾನರ ದನಿ.

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ಅಕ್ಕ, ಕಾಣ್ತಿದೆಯಾ?"

"ಮಂಜು ಮಂಜು. ಆದ್ರೆ ಇದೆ ಕಣೇ. ಭರಣಿ ಎಲ್ಲೂ ಎತ್ತಿಟ್ಟಿಲ್ಲ ತಾನೇ?"

"ಅಲ್ಲೇ ಇದೆ."

ಪೂರ್ತಿ ಕಣ್ಣು ಕೊಡಪ್ಪಾ ಎಂದು ರಾಯರನ್ನು ಬೇಡಿದ್ದೆ. ಗುಂಡಿ ತಪ್ಪಿದ್ದು ಕಾಣುವಷ್ಟು ಕೊಟ್ಟಿದ್ದಾರೆ. ಪುಟ್ಟ ಬಾಗಿಲೊಂದಕ್ಕೆ ಅಷ್ಟು ಬೆಳಕು ಸಾಕು. ಕಣ್ಣೊರೆಸಿಕೊಳ್ಳಲು ಹೋಗಿ, ಹಿಟ್ಟಿನಲ್ಲಿದ್ದ ಹಸಿಮೆಣಸಿನ ಖಾರವನ್ನೂ ಬಳಿದುಕೊಂಡೆ. ಇನ್ನಷ್ಟು ನೀರು ಸುರಿಯಿತು. ಒರಳಿನೊಳಗಿನ ಹಿಟ್ಟು ಆರಿ ಗಟ್ಟಿಯಾಗಿತ್ತು. ಬಿಸಿನೀರು ಚಿಮುಕಿಸಿ ನಾದಿಕೊಂಡು ಬರಲು ಕೆಳಗಿಳಿದೆ.