ದಡದಿಂದ ಶುರುವಾದ ಎಂಬತ್ತು ಮರಗಳು

ಐಲಿ ದೊಡ್ಡಮ್ಮ ತರಬೇತಿಗೆಂದು ಮಾಡಿದ ಧ್ವನಿಮುದ್ರಣವನ್ನು ನಾನು ನಾಲ್ಕು ಸಲ ಕೇಳಿದ್ದೇನೆ. ಇಬ್ಬರ ಮಾತಿನ ಹಿಂದೆ ಅದರಲ್ಲಿ ಇನ್ನೊಂದು ಸದ್ದಿದೆ. ಮೊದಲ ಸಲ ಗಡಿಯಾರ ಎಂದುಕೊಂಡೆ. ಅದು ಹಿಮ ಕರಗಿ ಸೂರಿನಿಂದ ನೀರು ತೊಟ್ಟಿಕ್ಕುವ ಸದ್ದು. ನಮ್ಮೂರು ಟ್ಯಾಮರಾಕ್ ಬೇಯಲ್ಲಿ ಏಪ್ರಿಲ್ ಮೊದಲ ವಾರ ಸೂರು ಹಾಗೆ ತೊಟ್ಟಿಕ್ಕುತ್ತಿದ್ದರೆ ಬುದ್ಧಿಯಿರುವ ಯಾರೂ ಹೆಪ್ಪುಗಟ್ಟಿದ ಸರೋವರದ ಮೇಲೆ ಕಾಲಿಡುವುದಿಲ್ಲ.

ಇಲ್ಲಿ ಬರೆದಿರುವುದರಲ್ಲಿ ಸ್ವಲ್ಪ ಆ ಮುದ್ರಣದಲ್ಲಿರುವುದು, ಉಳಿದದ್ದು ದೊಡ್ಡಮ್ಮ ಹೇಳಿದ್ದು. ನನಗೆ ಖಚಿತವಾಗಿ ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದೇ ಬರೆದಿದ್ದೇನೆ.

ಐಲಿ ಕೊಯಿವುಲಾ ನನ್ನ ಅಮ್ಮನ ಅಕ್ಕ. ಇಪ್ಪತ್ತಾರು ವರ್ಷ ಶಾಲೆಯ ಹಳದಿ ಬಸ್ಸು ಓಡಿಸಿದವರು. ಮಕ್ಕಳು ಕಡಿಮೆಯಾಗಿ ನಮ್ಮೂರ ಶಾಲೆಯನ್ನು ಪಕ್ಕದೂರಿನದಕ್ಕೆ ಸೇರಿಸುತ್ತಾರೆ, ಅವರ ಬಸ್ಸು ನಿಲ್ಲುತ್ತದೆ ಎಂದು ಗೊತ್ತಾದಾಗ ಅವರಿಗೆ ಐವತ್ತೇಳು. ಆರೋಗ್ಯ ಕೇಂದ್ರಕ್ಕೆ ಒಬ್ಬ ಕೋಚ್ ಬೇಕಾಗಿತ್ತು. ಆಟದ ಕೋಚ್ ಅಲ್ಲ. ಕಾಯಿಲೆಯಿಂದ ಎದ್ದವರ ಜೊತೆ ಕುಳಿತು, ಅವರಿಗೆ ಬದುಕಿನಲ್ಲಿ ಯಾವುದು ಮುಖ್ಯ ಎಂದು ಅವರಿಂದಲೇ ಹೇಳಿಸಿ, ಅದಕ್ಕೆ ಹೊಂದುವ ಗುರಿಯನ್ನು ಅವರೇ ಹಾಕಿಕೊಳ್ಳುವಂತೆ ಮಾಡುವವರು. ದೊಡ್ಡಮ್ಮ ತರಬೇತಿಗೆ ಸೇರಿದರು. ಮೂವತ್ತು ಗಂಟೆ ಅಭ್ಯಾಸ ಮಾಡಬೇಕು, ಕೊನೆಯ ಭೇಟಿಯೊಂದನ್ನು ಧ್ವನಿಮುದ್ರಿಸಿ ಕಳಿಸಬೇಕು. ಕಲಿಸುವವರು ಪ್ರಿಸಿಲ್ಲಾ ಡೆವ್ರೋ, ನಗರದಲ್ಲಿದ್ದವರು, ಕಂಪ್ಯೂಟರಿನಲ್ಲಿ ಮಾತ್ರ ಕಾಣುತ್ತಿದ್ದವರು. ಅವರು ಪ್ರತಿ ಪಾಠದಲ್ಲೂ ಒಂದು ಮಾತು ತಪ್ಪದೆ ಹೇಳುತ್ತಿದ್ದರಂತೆ.

"ಸಲಹೆ ಕೊಡಬೇಡಿ. ನಿಮ್ಮ ಭಯ ನಿಮ್ಮದು, ಅದನ್ನ ಅವ್ರ ತಲೆಗೆ ಕಟ್ಟಬೇಡಿ. ಕೇಳಿ, ಕೇಳಿಸ್ಕೊಳ್ಳಿ, ಅಷ್ಟೆ."

ದೊಡ್ಡಮ್ಮ ಅದನ್ನು ಕಾಗದದಲ್ಲಿ ಬರೆದು ಅಡುಗೆಮನೆಯ ಫ್ರಿಜ್ಜಿಗೆ ಅಂಟಿಸಿದ್ದರು.

ಅಭ್ಯಾಸಕ್ಕೆ ಸಿಕ್ಕವರು ರೂಬೆನ್ ಹಾರ್ಯು. ಅರವತ್ತರ ಹತ್ತಿರದವರು, ದೊಡ್ಡಮ್ಮನಿಗಿಂತ ಎರಡು ತರಗತಿ ಮುಂದೆ ಓದಿದವರು. ನಮ್ಮ ದಡದಿಂದ ಎದುರಿನ ದ್ವೀಪಕ್ಕೆ ಚಳಿಗಾಲದಲ್ಲಿ ಸರೋವರದ ಮೇಲೇ ದಾರಿ. ಕ್ರಿಸ್ಮಸ್ ಮುಗಿದ ಮೇಲೆ ಊರಿನವರು ತಮ್ಮ ಮನೆಯಲ್ಲಿ ಅಲಂಕರಿಸಿಟ್ಟಿದ್ದ ಮರಗಳನ್ನು ತಂದು ದಡದಲ್ಲಿ ಹಾಕುತ್ತಾರೆ. ರೂಬೆನ್ ಮಂಜುಗಡ್ಡೆಯಲ್ಲಿ ತೂತು ಕೊರೆದು, ಇಪ್ಪತ್ತು ಹೆಜ್ಜೆಗೊಂದರಂತೆ ಅವನ್ನು ಸಾಲಾಗಿ ನೆಡುತ್ತಾರೆ. ಹಿಮ ಬೀಸಿ ಕಣ್ಣು ಕಾಣದಿದ್ದಾಗ ಮರದಿಂದ ಮರಕ್ಕೆ ಹೋದರೆ ದಡ ಸಿಗುತ್ತದೆ. ಈ ಕೆಲಸವನ್ನು ಮೊದಲು ಅವರ ಅಪ್ಪ ಮಾಡುತ್ತಿದ್ದರು. ಆ ವರ್ಷ ಎಂಬತ್ತು ಮರ ನೆಟ್ಟರು. ಕೆಲವುಗಳಲ್ಲಿ ಅಲಂಕಾರದ ಬೆಳ್ಳಿ ಬಣ್ಣದ ದಾರ ಇನ್ನೂ ಸಿಕ್ಕಿಕೊಂಡಿತ್ತು. ನೆಟ್ಟು ಮುಗಿದ ವಾರದಲ್ಲೇ ಅವರಿಗೆ ಹೃದಯಾಘಾತವಾಯಿತು.

ಆಸ್ಪತ್ರೆಯಿಂದ ಬಂದ ಮೇಲೆ ಕಿಟಕಿಯ ಪಕ್ಕದ ಕುರ್ಚಿ ಬಿಟ್ಟು ಏಳಲಿಲ್ಲ. ದಿನಾ ನಡೆಯಬೇಕು ಎಂದು ಡಾಕ್ಟರು ಹೇಳಿದ್ದರು. ಮಗಳು ಕಾರೀನ್ ಬಂದು ದೊಡ್ಡಮ್ಮನನ್ನು ಕೇಳಿದಳು.

"ಆಂಟೀ, ನಿಮ್ಗೆ ಅಭ್ಯಾಸಕ್ಕೆ ಜನ ಬೇಕು ಅಂದ್ರಲ್ಲ. ನಮ್ಮಪ್ಪನ್ನ ತಗೊಳ್ಳಿ. ಹೀಗೇ ಕೂತಿದ್ರೆ ಕುರ್ಚಿ ಜೊತೇಲೇ ಹೂಳ್ಬೇಕಾಗತ್ತೆ."

ಫೆಬ್ರವರಿ ಕೊನೆಯ ವಾರ ದೊಡ್ಡಮ್ಮ ಏಲಕ್ಕಿ ಹಾಕಿದ ಪುಲ್ಲಾ ಬ್ರೆಡ್ಡು ಕಟ್ಟಿಕೊಂಡು, ತರಬೇತಿಯವರು ಕೊಟ್ಟ ಕಾರ್ಡುಗಳನ್ನು ಹಿಡಿದುಕೊಂಡು ಹೋದರು. ಐವತ್ತು ಕಾರ್ಡು, ಒಂದೊಂದರ ಮೇಲೆ ಒಂದು ಮಾತು: ಸ್ನೇಹ, ದುಡ್ಡು, ದೇವರು, ನೆಮ್ಮದಿ, ಹೀಗೆ. ಮುಖ್ಯವಾದವು ಒಂದು ಗುಂಪು, ಅಲ್ಲದವು ಇನ್ನೊಂದು. ಕೊನೆಗೆ ಕೈಯಲ್ಲಿ ಮೂರೇ ಉಳಿಯಬೇಕು.

"ಇಸ್ಪೀಟ್ ಆಡ್ಸಕ್ಕೆ ಬಂದ್ಯೇನೆ?" ಎಂದರು ರೂಬೆನ್.

"ಆಡು. ನಿನ್ ಹತ್ರ ಸೋತು ಅಭ್ಯಾಸ ಇದೆ ನಂಗೆ."

ಅವರು ನಿಧಾನವಾಗಿ ಆರಿಸಿದರು. 'ಸಂತೋಷ' ಎಂಬ ಕಾರ್ಡನ್ನು ಓದಿ, ತಿರುಗಿಸಿ ನೋಡಿ, ಬ್ರೆಡ್ಡಿನ ತಟ್ಟೆಯ ಕೆಳಗೆ ಸರಿಸಿದರು. ಉಳಿದ ಮೂರು: ಮಕ್ಕಳು, ಕೊಟ್ಟ ಮಾತು, ಊರಿನ ಕಟ್ಟಳೆ.

"ಕಟ್ಟಳೆ ಯಾಕೆ?" ದೊಡ್ಡಮ್ಮ ಕೇಳಿದರು.

"ನಮ್ಮಪ್ಪ ಒಂದ್ಸಲ ಬಲೆ ತುಂಬ ಮೀನು ಎಳೀತಾ ಇದ್ದ. ದಡದಿಂದ ಮೂರು ಹಾರ್ನ್ ಆಯ್ತು. ಬಲೆ ಅಲ್ಲೇ ಬಿಟ್ಟು ಬಂದ. ನೋಡಿದ್ರೆ ಏನೂ ಆಗಿರ್ಲಿಲ್ಲ, ಯಾವನೋ ಕುಡುಕ ಟ್ರಕ್ಕಲ್ಲಿ ಕೂತು ಬಾರಿಸಿದ್ದ. ನಮ್ಮಪ್ಪ ಅವನಿಗೆ ಒಂದು ಮಾತೂ ಅನ್ಲಿಲ್ಲ. ಮೂರು ಹಾರ್ನ್ ಅಂದ್ರೆ ವಾಪಸ್ ಬರೋದು, ಯಾಕೆ ಅಂತ ಆಮೇಲೆ ಕೇಳೋದು. ಅಷ್ಟೆ."

"ಕೊಟ್ಟ ಮಾತು ಯಾವ್ದು?"

ರೂಬೆನ್ ಕಿಟಕಿಯ ಹೊರಗೆ ಕೈ ತೋರಿಸಿದರು. "ನೆಟ್ಟ ಮರ ಒಂದನ್ನೂ ನೀರಿಗೆ ಬಿಡಲ್ಲ ಅಂತ ಅಪ್ಪಂಗೆ ಹೇಳಿದ್ದೀನಿ. ಬಿಟ್ರೆ ಬೇಸಿಗೇಲಿ ಬಲೆ ಹರಿಯತ್ತೆ. ಈ ವರ್ಷ ಇರ್ಲಿ ಬಿಡು ಅಂತಾರೆ ಪಂಚಾಯ್ತಿಯೋರು. ಅವ್ರಿಗೇನು."

ಗುರಿ ಅಲ್ಲೇ ಹುಟ್ಟಿತು. ದಾರಿ ಮುಚ್ಚುವವರೆಗೆ ದಿನಾ ಮರಗಳ ಸಾಲಿನಲ್ಲಿ ನಡೆಯುವುದು, ಮುಚ್ಚಿದ ಮೇಲೆ ದಿನಕ್ಕಿಷ್ಟು ಎಂದು ಮರ ಕಡಿದು ತರುವುದು. ಗುರಿಯನ್ನು ಚಿಕ್ಕ ಚಿಕ್ಕ ತುಂಡು ಮಾಡಿ, ಕೈಗೆಟುಕುವುದರಿಂದ ಶುರು ಮಾಡಿಸಿ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಕೈಗೆಟುಕುತ್ತಿದ್ದದ್ದು ದಡದ ಮರ. ಮೊದಲ ದಿನ ರೂಬೆನ್ ಅದನ್ನು ಮುಟ್ಟಿ ಬಂದರು. ಒಂದು ವಾರಕ್ಕೆ ಐದನೆಯ ಮರ, ಮತ್ತೆರಡು ವಾರಕ್ಕೆ ಇಪ್ಪತ್ತನೆಯ ಮರ. ಮುಖಕ್ಕೆ ಬಣ್ಣ ಬಂತು. ಕಾರೀನ್ ಅಂಗಡಿಯಲ್ಲಿ ಸಿಕ್ಕಾಗ ದೊಡ್ಡಮ್ಮನನ್ನು ತಬ್ಬಿಕೊಂಡಳು.

ಮಾರ್ಚ್ ಮಧ್ಯದಲ್ಲಿ ವಾಹನಗಳಿಗೆ ದಾರಿ ಮುಚ್ಚಿದರು. ರೂಬೆನ್ ಕೈಗರಗಸ ಮತ್ತು ಮಗಳು ಚಿಕ್ಕವಳಿದ್ದಾಗಿನ, ಹಿಮದ ಮೇಲೆ ಎಳೆಯುವ ಜಾರುಬಂಡಿ ತೆಗೆದುಕೊಂಡು ಇಳಿದರು. ಮರದ ಬುಡ ಕೊಯ್ದು ಬಂಡಿಗೆ ಕಟ್ಟಿ ಎಳೆದು ತರುವುದು. ಮೊದಲ ದಿನ ಎರಡು. ಆಮೇಲೆ ಮೂರು, ನಾಲ್ಕು.

ಇಲ್ಲಿ ಒಂದು ವಿಷಯ ಹೇಳಬೇಕು. ಮರ ತೆಗೆಯುವ ಪದ್ಧತಿ ಅದಲ್ಲ. ದ್ವೀಪದ ಕಡೆ ತುದಿಯಿಂದ ಶುರು ಮಾಡಿ ದಡದ ಕಡೆಗೆ ತೆಗೆಯುತ್ತಾ ಬರಬೇಕು. ದ್ವೀಪದ ಪಕ್ಕದಲ್ಲಿ ಮಂಜುಗಡ್ಡೆಯ ಅಡಿ ನೀರು ಹರಿಯುತ್ತದೆ, ಅಲ್ಲಿ ಅದು ಮೊದಲು ಮೆತ್ತಗಾಗುತ್ತದೆ. ಹಾಗೆ ಮಾಡಿದರೆ ದಿನ ಕಳೆದಂತೆ ಮನುಷ್ಯ ಗಟ್ಟಿ ಜಾಗಕ್ಕೆ ಬರುತ್ತಿರುತ್ತಾನೆ, ಉಳಿದ ಮರಗಳು ಅವನಿಗೂ ದಡಕ್ಕೂ ನಡುವೆ ಇರುತ್ತವೆ. ಬೇರೆ ವರ್ಷ ರೂಬೆನ್ ಇಬ್ಬರನ್ನು ಕರೆದುಕೊಂಡು, ಹಿಮದ ಮೇಲೆ ಓಡುವ ಸ್ನೋಮೊಬೈಲಿನಲ್ಲಿ ತುದಿಗೆ ಹೋಗಿ ಒಂದೇ ದಿನದಲ್ಲಿ ಮುಗಿಸುತ್ತಿದ್ದರು. ಈ ವರ್ಷ ಅವರು ಕೈಗೆಟುಕಿದ ದಡದ ಮರದಿಂದಲೇ ತೆಗೆಯುತ್ತಾ ಹೋದರು. ದಿನ ಬೆಚ್ಚಗಾದಷ್ಟೂ ದೂರ ಹೋಗಬೇಕಾಯಿತು. ಹಿಂದೆ ಮರವೇ ಇಲ್ಲದ ಬಯಲು.

ದೊಡ್ಡಮ್ಮನಿಗೆ ಇದು ಗೊತ್ತಿತ್ತು. ರೂಬೆನ್ ಅಪ್ಪನ ಜೊತೆ ನನ್ನ ತಾತನೂ ತುದಿಯಿಂದಲೇ ತೆಗೆಯುತ್ತಿದ್ದವರು. ನಲವತ್ತು ಮರ ಉಳಿದಾಗ ಒಂದು ದಿನ ಬಸ್ಸಿನಿಂದ ಆ ಸಾಲನ್ನು ನೋಡಿದರು. ಸಂಜೆ ಕಂಪ್ಯೂಟರಿನಲ್ಲಿ ಪ್ರಿಸಿಲ್ಲಾ ಅವರನ್ನು ಕೇಳಿದರು.

"ಅವ್ರಿಗೆ ಅಪಾಯ ಇದೆ ಅನ್ನಿಸಿದ್ರೆ ಏನ್ಮಾಡ್ಬೇಕು?"

"ಅವ್ರಿಗೆ ಆ ವಿಷಯ ನಿಮ್ಗಿಂತ ಕಮ್ಮಿ ಗೊತ್ತಾ?"

"ಇಲ್ಲ, ಜಾಸ್ತಿ ಗೊತ್ತು."

"ಹಾಗಾದ್ರೆ ಅದು ನಿಮ್ಮ ಭಯ, ಐಲಿ."

ಪ್ರಿಸಿಲ್ಲಾ ಅವರಿಗೆ ಮಂಜುಗಡ್ಡೆಯ ವಿಷಯವನ್ನು ದೊಡ್ಡಮ್ಮ ಹೇಳಿದ್ದರೋ ಇಲ್ಲವೋ ಗೊತ್ತಿಲ್ಲ. ಕೇಳಿದರೆ, "ಸರಿಯಾಗಿ ಹೇಳ್ಲಿಲ್ಲ ಅನ್ಸತ್ತೆ" ಎನ್ನುತ್ತಾರೆ.

ಏಪ್ರಿಲ್ ಎರಡರಂದು ಕೊನೆಯ ಭೇಟಿ. ಉಳಿದದ್ದು ಒಂಬತ್ತು ಮರ. ಮುದ್ರಣ ಶುರುವಾದ ತಕ್ಷಣ ಬಟ್ಟಲಿನ ಸದ್ದು, ಆಮೇಲೆ ಆ ತೊಟ್ಟಿಕ್ಕುವ ಸದ್ದು.

"ಸೊನ್ನೆಯಿಂದ ಹತ್ತರವರೆಗೆ, ಈ ಕೆಲಸ ಮುಗಿಸೋದು ನಿಂಗೆ ಎಷ್ಟು ಮುಖ್ಯ?" ದೊಡ್ಡಮ್ಮನ ಧ್ವನಿ ಬಸ್ಸಿನಲ್ಲಿ ಮಕ್ಕಳನ್ನು ಕೂರಿಸುವ ಧ್ವನಿಯಲ್ಲ, ಕಾಗದ ಓದಿದಂತಿದೆ.

"ಒಂಬತ್ತು. ಮರದಷ್ಟೇ." ರೂಬೆನ್ ನಗುತ್ತಾರೆ.

"ಆರು ಯಾಕಲ್ಲ?"

ಈ ಪ್ರಶ್ನೆಯನ್ನು ತರಬೇತಿಯಲ್ಲೇ ಕಲಿಸುತ್ತಾರೆ. ಯಾಕೆ ಅಷ್ಟು ಕಡಿಮೆಯಲ್ಲ ಎಂದು ಕೇಳಿದರೆ ಮನುಷ್ಯ ತನ್ನ ಕಾರಣಗಳನ್ನು ತಾನೇ ಹುಡುಕಿಕೊಂಡು ಗಟ್ಟಿಯಾಗುತ್ತಾನೆ.

"ಆಸ್ಪತ್ರೇಲಿ ಮಲಗಿದ್ದಾಗ ನನ್ ಕೈಲಿ ಇನ್ನೇನೂ ಆಗಲ್ಲ ಅಂದ್ಕೊಂಡಿದ್ದೆ ಕಣೇ. ಎಪ್ಪತ್ತೊಂದು ತಂದಿದ್ದೀನಿ. ಒಬ್ನೇ. ಈಗ ಒಂಬತ್ತು ಬಿಟ್ಟು ಕೂತ್ರೆ, ಮತ್ತೆ ಆ ಕುರ್ಚಿಗೇ ಹೋದ ಹಾಗೆ." ಬಟ್ಟಲು ಕೆಳಗಿಟ್ಟ ಸದ್ದು. "ಹತ್ತು ಅಂತ ಬರ್ಕೋ."

"ಹತ್ತು," ಎನ್ನುತ್ತಾರೆ ದೊಡ್ಡಮ್ಮ.

"ಏನೋ ಹೇಳಕ್ಕೆ ಹೊರಟೆ."

"ಇಲ್ಲ."

ಅಲ್ಲಿ ಹದಿನಾಲ್ಕು ಹನಿ ಬೀಳುತ್ತವೆ. ನಾನು ಎಣಿಸಿದ್ದೇನೆ. ಆಮೇಲೆ, "ಯಾವಾಗ ಮುಗಿಸ್ಬೇಕು ಅಂತಿದ್ದೀಯ?" ಎಂದು ಕೇಳುತ್ತಾರೆ. "ನಾಳೆ," ಎನ್ನುತ್ತಾರೆ ರೂಬೆನ್. ಮುದ್ರಣ ಅಲ್ಲಿಗೆ ಮುಗಿಯುತ್ತದೆ.

ಮರುದಿನ ಬೆಳಿಗ್ಗೆ ಏಳೂ ಮುಕ್ಕಾಲಿಗೆ ಹನ್ನೊಂದು ಮಕ್ಕಳಿದ್ದ ಬಸ್ಸು ದಡದ ರಸ್ತೆಗೆ ಬಂತು. ಬಯಲಿನ ಆ ತುದಿಯಲ್ಲಿ ನಾಲ್ಕು ಮರ ನಿಂತಿದ್ದವು. ಅವುಗಳ ಪಕ್ಕ ಒಂದು ಕಪ್ಪು ಚುಕ್ಕೆ ಬಾಗುತ್ತಾ ಏಳುತ್ತಾ ಇತ್ತು. ಮಂಜುಗಡ್ಡೆ ಬಿಳಿಯಿರಲಿಲ್ಲ, ಹಳೆಯ ಪಾತ್ರೆಯ ಬಣ್ಣಕ್ಕೆ ತಿರುಗಿತ್ತು. ದೊಡ್ಡಮ್ಮ ನೋಡುತ್ತಿದ್ದಂತೆಯೇ ದ್ವೀಪದ ಕಡೆಯಿಂದ ಮಂಜು ಎದ್ದಿತು. ಬೆಚ್ಚಗಿನ ಗಾಳಿ ತಣ್ಣನೆಯ ಮಂಜುಗಡ್ಡೆಯ ಮೇಲೆ ಬಂದರೆ ಹಾಗಾಗುತ್ತದೆ. ಮೊದಲು ದ್ವೀಪ ಹೋಯಿತು. ಆಮೇಲೆ ಮರಗಳು. ಆಮೇಲೆ ಚುಕ್ಕೆ.

ರೂಬೆನ್ನಿಗೂ ದಡಕ್ಕೂ ನಡುವೆ ಮುಟ್ಟಿಕೊಂಡು ಬರಲು ಒಂದು ಮರವೂ ಇರಲಿಲ್ಲ. ಎಪ್ಪತ್ತಾರನ್ನೂ ತಾವೇ ಕಡಿದಿದ್ದರು.

ಮಕ್ಕಳಿದ್ದಾಗ ಬಸ್ಸನ್ನು ನಡುದಾರಿಯಲ್ಲಿ ನಿಲ್ಲಿಸುವಂತಿಲ್ಲ. ದೊಡ್ಡಮ್ಮ ನಿಲ್ಲಿಸಿದರು. ಮೂಗು ಸರೋವರಕ್ಕೆ ಬರುವಂತೆ ತಿರುಗಿಸಿ, ಹಾರ್ನಿನ ಮೇಲೆ ಅಂಗೈ ಒತ್ತಿದರು. ಉದ್ದ ಒಂದು. ಉದ್ದ ಎರಡು. ಉದ್ದ ಮೂರು.

ಹಿಂದಿನ ಸೀಟಿನ ಗಲಾಟೆ ನಿಂತುಹೋಯಿತಂತೆ. ನಮ್ಮೂರ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಅದು ಗೊತ್ತಿರುತ್ತದೆ. ಮೊದಲನೇ ತರಗತಿಯ ಹುಡುಗಿಯೊಬ್ಬಳು ಮಾತ್ರ ಕೇಳಿದಳು, "ಐಲಿ ಆಂಟಿ, ಯಾರು ಅಲ್ಲಿರೋದು?"

"ಕೂತ್ಕೋ ಪುಟ್ಟಿ," ಎಂದರು.

ಬಸ್ಸಿನ ರೇಡಿಯೋದಲ್ಲಿ ಅಗ್ನಿಶಾಮಕದವರಿಗೆ ಹೇಳಿದರು. ಮತ್ತೆ ಮೂರು. ಹತ್ತರವರೆಗೆ ಎಣಿಸುವಷ್ಟು ಬಿಡುವು, ಮತ್ತೆ ಮೂರು. ಬರುತ್ತಿದ್ದಾರೋ ಇಲ್ಲವೋ ಕಾಣುತ್ತಿರಲಿಲ್ಲ. ಒಮ್ಮೆ ದೂರದಲ್ಲಿ ಮಂಜುಗಡ್ಡೆ ಬಿರಿದ ಸದ್ದು ದಡದ ಉದ್ದಕ್ಕೂ ಓಡಿತು. ಆಗ ಅವರು ಹಾರ್ನಿನಿಂದ ಕೈ ತೆಗೆಯಲಿಲ್ಲ, ಮೂರರ ಲೆಕ್ಕವನ್ನೂ ಮರೆತರು. ಅಗ್ನಿಶಾಮಕದವರು ಚಪ್ಪಟೆ ದೋಣಿ ಇಳಿಸುವ ಹೊತ್ತಿಗೆ ಇಪ್ಪತ್ತೈದು ನಿಮಿಷವಾಗಿತ್ತು. ಆಗಲೇ ಮಂಜಿನೊಳಗಿಂದ ರೂಬೆನ್ ಹೊಟ್ಟೆಯ ಮೇಲೆ ತೆವಳಿಕೊಂಡು ಕಾಣಿಸಿದರು. ಸೊಂಟದವರೆಗೆ ಒದ್ದೆ, ಕೈಯಲ್ಲಿ ಗರಗಸ. ಬಂಡಿ ಇರಲಿಲ್ಲ. ಕೊಯ್ದ ಐದು ಮರಗಳ ಸಮೇತ ಅದನ್ನು ಬಿಟ್ಟು ಬಂದಿದ್ದರು.

ಬಸ್ಸು ನಿಲ್ಲಿಸಿದ್ದಕ್ಕೆ ದೊಡ್ಡಮ್ಮನಿಗೆ ನೋಟೀಸು ಬಂತು. ರೂಬೆನ್ ಮತ್ತೆ ಎಂಟು ದಿನ ಆಸ್ಪತ್ರೆಯಲ್ಲಿದ್ದರು. ಮರಳಿ ಬಂದ ಮೇಲೆ ದೊಡ್ಡಮ್ಮ ನೋಡಲು ಹೋದಾಗ ಕಾರೀನ್ ಬಾಗಿಲು ತೆರೆದು ಒಳಗೆ ಹೋದಳು, ಕಾಫಿ ಬೇಕೇ ಎಂದು ಕೇಳಲಿಲ್ಲ. ರೂಬೆನ್ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ಅಷ್ಟರಲ್ಲಿ ಮಂಜುಗಡ್ಡೆ ಒಡೆದು, ನಾಲ್ಕು ಮರಗಳು ಒಂದೇ ತುಂಡಿನ ಮೇಲೆ ನಿಂತ ಹಾಗೇ ತೇಲಿ ಹೋಗಿದ್ದವು. ಊರಿನವರೆಲ್ಲ ನೋಡಿದ್ದರು.

"ಹಾರ್ನ್ ಕೇಳ್ದಾಗ ಆರನೇ ಮರಕ್ಕೆ ಗರಗಸ ಇಟ್ಟಿದ್ದೆ," ಎಂದರು ರೂಬೆನ್. "ಅರ್ಧ ಕೊಯ್ದು ಬಿಟ್ಟು ಬಂದೆ."

"ಹಿಂದಿನ ದಿನಾನೇ ಹೇಳ್ಬೇಕಿತ್ತು ನಾನು. ಹೇಳೋ ಹಾಗಿಲ್ಲ ಅಂತ ಸುಮ್ನಿದ್ದೆ."

"ಹೇಳಿದ್ರೆ ಕೇಳ್ತಿರ್ಲಿಲ್ಲ ಬಿಡು." ಅವರು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. "ಅಷ್ಟೊಂದು ಪ್ರಶ್ನೆ ಕೇಳ್ದೆ. ಯಾವ ತುದಿಯಿಂದ ಶುರು ಮಾಡ್ತೀಯ ಅಂತ ಒಂದೇ ಒಂದ್ಸಲ ಕೇಳಿದ್ರೆ ಸಾಕಿತ್ತಲ್ಲೇ."

ಅದು ಸಲಹೆಯಾಗುತ್ತಿರಲಿಲ್ಲ. ಬರಿಯ ಪ್ರಶ್ನೆ. ಯಾವ ನಿಯಮವೂ ಅದಕ್ಕೆ ಅಡ್ಡ ಇರಲಿಲ್ಲ.

ಮುದ್ರಣವನ್ನು ಅವರು ಎರಡನೇ ತಾರೀಖಿನ ಸಂಜೆಯೇ ಕಳಿಸಿಬಿಟ್ಟಿದ್ದರು. ಮೇ ತಿಂಗಳಲ್ಲಿ ಪ್ರಮಾಣಪತ್ರ ಬಂತು. ಕೊನೆಯ ಭೇಟಿಗೆ ಪೂರ್ತಿ ಅಂಕ. ಪ್ರಿಸಿಲ್ಲಾ ಅವರು ಕೆಳಗೆ ಬರೆದಿದ್ದರು: "ಆ ಮೌನ ಬಹಳ ಚೆನ್ನಾಗಿತ್ತು. ನಿಮ್ಮನ್ನು ನೀವು ಪೂರ್ತಿ ಹೊರಗಿಟ್ಟಿರಿ."

ಆ ಪ್ರಮಾಣಪತ್ರ ಅಡುಗೆಮನೆಯ ಡ್ರಾಯರಿನಲ್ಲಿ ಚಮಚಗಳ ಕೆಳಗಿದೆ. ದೊಡ್ಡಮ್ಮ ಈಗ ಆರೋಗ್ಯ ಕೇಂದ್ರದಲ್ಲಿ ಕೋಚ್. ಅದೇ ಕಾರ್ಡುಗಳು. ಫ್ರಿಜ್ಜಿನ ಮೇಲಿನ ಕಾಗದವೂ ಹಾಗೇ ಇದೆ, ಅದರ ಕೆಳಗೆ ಪೆನ್ಸಿಲಿನಲ್ಲಿ ಒಂದು ಸಾಲು ಸೇರಿಸಿದ್ದಾರೆ: ಯಾವ ತುದಿಯಿಂದ?

ಈ ಜನವರಿಯಲ್ಲಿ ದಡದಲ್ಲಿ ಮರಗಳ ರಾಶಿ ಬಿದ್ದಾಗ, ಕಾರೀನ್ ಬೇಡವೆಂದರೂ ರೂಬೆನ್ ತೂತು ಕೊರೆಯುವ ಯಂತ್ರ ಹೊತ್ತುಕೊಂಡು ಇಳಿದರು. ದೊಡ್ಡಮ್ಮ ದಡದಲ್ಲಿ ಕಾರು ನಿಲ್ಲಿಸಿ, ಗಾಜು ಇಳಿಸಿ, ಸಂಜೆಯವರೆಗೆ ಕೂತಿದ್ದರು. ಮರಗಳು ಒಂದೊಂದಾಗಿ ದ್ವೀಪದ ಕಡೆಗೆ ಸಾಲಾಗುತ್ತಾ ಹೋದವು. ಅವರ ಅಂಗೈ ಹಾರ್ನಿನ ಮೇಲೇ ಇತ್ತು.